ಬಳಪ ಅವನ ಕೈಯಲ್ಲೇ ಇರಲಿ

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ ಶುರುವಾದಾಗ ನಮ್ಮ ಶಾಲೆಯ ಚಿಕ್ಕ ಮಕ್ಕಳ ಕೋಣೆಯಿಂದ ಬೆಂಚುಗಳು ಹೊರಗೆ ಹೋದವು, ಚಾಪೆಗಳು ಒಳಗೆ ಬಂದವು. ಬೇರೆ ಬೇರೆ ತರಗತಿಯವರು ಒಂದೇ ಕೋಣೆಯಲ್ಲಿ ಗುಂಡಗೆ ಕೂತರು. ಆಂಧ್ರದ ಋಷಿ ವ್ಯಾಲಿ ಶಾಲೆಯನ್ನು ನೋಡಿ ಬಂದ ತಾಲ್ಲೂಕಿನ ಶಿಕ್ಷಕರು ಯುನಿಸೆಫ್ ನೆರವಿನಿಂದ ಕಟ್ಟಿದ ಪದ್ಧತಿ ಅದು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು. ಕಲಿಕಾ ಏಣಿ (ಮಗು ತನ್ನ ವೇಗದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುವ ಪಾಠಗಳ ಸಾಲು), ಮೈಲಿಗಲ್ಲು (ಆ ಏಣಿಯ ಒಂದೊಂದು ಘಟ್ಟ), ಮಕ್ಕಳ ಕೆಲಸ ತೂಗುಹಾಕಲು ತಲೆಯ ಮೇಲೆ ಕಟ್ಟಿದ ಹುರಿಯ ಚಪ್ಪರ, ನೆಲಕ್ಕೆ ಹತ್ತಿರವಿದ್ದ ಗೋಡೆಹಲಗೆ ಇವುಗಳ ಬಗ್ಗೆ ತರಬೇತಿ ಪುಸ್ತಕಗಳಲ್ಲಿ ಬೇಕಾದಷ್ಟಿದೆ. ಆ ಕೋಣೆಯಲ್ಲಿ ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ ಗೆಳೆಯನ ಕಷ್ಟವನ್ನು ನೋಡುವುದನ್ನೂ ಅದಕ್ಕೆ ತಕ್ಕಂತೆ ಕೈಜೋಡಿಸುವುದನ್ನೂ ನಮ್ಮ ಟೀಚರು ಹೇಗೆ ಕಲಿಸಿದರು ಎಂಬುದು ಮಾತ್ರ ಎಲ್ಲೂ ಬರೆದಿಟ್ಟಿಲ್ಲ. ಈಗ ಅದೇ ವಯಸ್ಸಿನ ಮಕ್ಕಳಿಗೆ ಪಾಠ ಮಾಡುವವಳಾಗಿ, ಇನ್ನೊಬ್ಬರು ನಾಳೆಯೇ ಮಾಡಿನೋಡಲು ಬರುವಷ್ಟು ವಿವರವಾಗಿ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಲಿ-ಕಲಿಯಲ್ಲಿ ಐದು ಗುಂಪು. ಟೀಚರ್ ಪೂರ್ತಿ ಜೊತೆಗಿರುವ ಗುಂಪು, ಸ್ವಲ್ಪ ಮಾತ್ರ ಜೊತೆಗಿರುವ ಗುಂಪು, ಸಹಪಾಠಿ ಪೂರ್ತಿ ನೆರವಾಗುವ ಗುಂಪು, ಸಹಪಾಠಿ ಸ್ವಲ್ಪ ನೆರವಾಗುವ ಗುಂಪು, ತಾನೇ ಕಲಿಯುವ ಗುಂಪು. ಇದರಲ್ಲಿ ಎರಡು ಗುಂಪುಗಳು ನಡೆಯುವುದೇ ಗೆಳೆಯರ ನೆರವಿನಿಂದ. ನೆರವಾಗುವುದು ಹೇಗೆಂದು ಗೊತ್ತಿಲ್ಲದಿದ್ದರೆ ಅಲ್ಲಿ ಕಲಿಕೆಯೂ ನಿಲ್ಲುತ್ತದೆ. ಆದ್ದರಿಂದ ಅದು ನೀತಿಪಾಠದ ಅವಧಿಗೆ ಬಿಟ್ಟ ವಿಷಯವಾಗಿರಲಿಲ್ಲ, ದಿನದ ಕೆಲಸವೇ ಆಗಿತ್ತು. ಟೀಚರ್ ಅದಕ್ಕೆ ಇಟ್ಟಿದ್ದ ಮೊದಲ ಕಟ್ಟಳೆ ಒಂದೇ: ಬಳಪ ಅವನ ಕೈಯಲ್ಲೇ ಇರಬೇಕು. ನೆರವಾಗುವವರು ಗೆಳೆಯನ ಸ್ಲೇಟು ಮುಟ್ಟುವ ಹಾಗಿಲ್ಲ. ತೋರಿಸಬೇಕೆಂದರೆ ತಮ್ಮ ಸ್ಲೇಟಿನಲ್ಲಿ ಬರೆದು ತೋರಿಸಿ, ಅಳಿಸಿ, ಆಮೇಲೆ ಅವನು ಬರೆಯುವುದನ್ನು ಕಾಯಬೇಕು.

ಆ ಅಳಿಸುವುದು ಮುಖ್ಯ. ಅಳಿಸದೆ ಬಿಟ್ಟರೆ ಅವನು ನೋಡಿ ಬರೆಯುತ್ತಾನೆ, ಮೈಲಿಗಲ್ಲು ದಾಟಿದಂತೆ ಕಾಣುತ್ತದೆ, ಮೂರು ದಿನದಲ್ಲಿ ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಾನೆ. ಕಾಯುವುದು ಇನ್ನೂ ಕಷ್ಟ. ಏಳು ವರ್ಷದ ಮಗುವಿನ ಬಾಯಲ್ಲಿ ಉತ್ತರ ನಿಲ್ಲುವುದಿಲ್ಲ. ಅದಕ್ಕೆ ಟೀಚರ್ ಹೇಳಿಕೊಟ್ಟಿದ್ದ ಉಪಾಯವೆಂದರೆ ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುವುದು, ಆಮೇಲೂ ಅವನು ಬರೆಯದಿದ್ದರೆ ಉತ್ತರದ ಬದಲು ಒಂದು ಪ್ರಶ್ನೆ ಕೇಳುವುದು: 'ಎಲ್ಲೀಗಂಟ ಗೊತ್ತಾಯ್ತು?' ಈ ಪ್ರಶ್ನೆಗೆ ಇರುವ ಬಲ 'ಗೊತ್ತಾಯ್ತಾ?' ಎಂಬುದಕ್ಕೆ ಇಲ್ಲ. 'ಗೊತ್ತಾಯ್ತಾ' ಅಂದರೆ ಯಾವ ಮಗುವೂ ಹೂಂ ಅಂದು ತಪ್ಪಿಸಿಕೊಳ್ಳುತ್ತದೆ.

ಯಾರನ್ನು ನೆರವಿಗೆ ಕೂರಿಸಬೇಕು ಎಂಬುದರಲ್ಲಿ ಬಹಳ ಶಾಲೆಗಳು ಎಡವುತ್ತವೆ. ತರಗತಿಯ ಅತಿ ಜಾಣ ಹುಡುಗಿಯನ್ನು ಕೂರಿಸುತ್ತಾರೆ. ಅವಳಿಗೆ ಆ ಲೆಕ್ಕ ಯಾವತ್ತೂ ಕಷ್ಟವೆನಿಸಿರುವುದಿಲ್ಲ, ಹಾಗಾಗಿ 'ಇಷ್ಟೂ ಬರಲ್ವಾ' ಎಂಬ ಮಾತು ಬೇಗ ಬರುತ್ತದೆ. ನಮ್ಮ ಟೀಚರ್ ಏಣಿಯಲ್ಲಿ ಅದೇ ಮೆಟ್ಟಿಲನ್ನು ಹೋದ ವಾರವಷ್ಟೇ ದಾಟಿದವರನ್ನು ಆರಿಸುತ್ತಿದ್ದರು. ದಶಕ ಕೂಡಿಸುವಾಗ ತಾನೆಲ್ಲಿ ತಡವರಿಸಿದೆ ಎಂಬುದು ಅಂಥವರ ನೆನಪಿನಲ್ಲಿ ಹಸಿಯಾಗಿರುತ್ತದೆ. ಇನ್ನೊಂದು, ಯಾವ ಮಗುವೂ ಬರೀ ನೆರವು ಪಡೆಯುವ ಕಡೆಗೇ ಇರಬಾರದು. ಕನ್ನಡದಲ್ಲಿ ಹಿಂದಿರುವ ಹುಡುಗ ಮರ-ಗಿಡದ ಪಾಠದಲ್ಲಿ ಮುಂದಿರುತ್ತಾನೆ, ಓದಲು ಬಾರದವಳು ಬುಟ್ಟಿ ಹೆಣೆಯುತ್ತಾಳೆ. ವಾರದಲ್ಲಿ ಒಮ್ಮೆಯಾದರೂ ಪ್ರತಿ ಮಗುವೂ ನೆರವಾಗುವ ಜಾಗದಲ್ಲಿ ಕೂತಿದೆಯೇ ಎಂದು ಟೀಚರ್ ಪಟ್ಟಿಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದರು. ಈ ಪಟ್ಟಿ ಇಲ್ಲದೆ ಕಣ್ಣಂದಾಜಿನಲ್ಲಿ ನಡೆಸಿದರೆ ನಾಲ್ಕೈದು ಮಕ್ಕಳು ಕಾಯಂ ಗುರುಗಳಾಗಿಬಿಡುತ್ತಾರೆ.

ಚಿಕ್ಕ ಮಕ್ಕಳಿಗೆ ಮರುಕವಿಲ್ಲವೆಂಬುದು ಸುಳ್ಳು. 2006ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ಟೊಮಾಸೆಲೊ ತೋರಿಸಿದಂತೆ, ಅಪರಿಚಿತರ ಕೈಯಿಂದ ಬಿದ್ದ ವಸ್ತುವನ್ನು 18 ತಿಂಗಳ ಕೂಸು ಯಾರೂ ಹೇಳದೆಯೇ ಎತ್ತಿಕೊಡುತ್ತದೆ. ಮಕ್ಕಳು ತೊಡಕುವುದು ಬೇರೆ ಕಡೆ: ಎದುರಿಗಿರುವವರಿಗೆ ಬೇಕಾದದ್ದು ತನಗೆ ಬೇಕಾದದ್ದಕ್ಕಿಂತ ಬೇರೆ ಎಂದು ಹಿಡಿಯುವುದರಲ್ಲಿ. 1997ರಲ್ಲಿ ಬೆಟ್ಟಿ ರೆಪಾಕೋಲಿ ಮತ್ತು ಆಲಿಸನ್ ಗೋಪ್ನಿಕ್ ಕೂಸುಗಳ ಮುಂದೆ ಬಿಸ್ಕತ್ತಿನಂಥ ತಿಂಡಿಯನ್ನೂ ಹಸಿ ಬ್ರಾಕೊಲಿಯನ್ನೂ ಇಟ್ಟು, ತಮಗೆ ಬ್ರಾಕೊಲಿಯೇ ಇಷ್ಟವೆಂದು ಮುಖದಲ್ಲಿ ತೋರಿಸಿ ಕೈ ಚಾಚಿದರು. 14 ತಿಂಗಳ ಕೂಸುಗಳು ತಮಗೆ ಇಷ್ಟವಾದ ತಿಂಡಿಯನ್ನೇ ಕೊಟ್ಟವು. 18 ತಿಂಗಳವು ಬ್ರಾಕೊಲಿ ಕೊಟ್ಟವು. ಅಷ್ಟು ಬೇಗ ಮೊಳೆಯುವ ಅರಿವು ಆರು ವರ್ಷದಲ್ಲೂ ಗಡಿಬಿಡಿಯಾದಾಗ ಜಾರಿಹೋಗುತ್ತದೆ. ಅಳುತ್ತಿರುವ ಹುಡುಗಿಗೆ ಏನು ಮಾಡೋಣ ಎಂದು ಕೇಳಿದರೆ ಕೋಣೆಗೆ ಕೋಣೆಯೇ 'ಚಾಕೊಲೇಟ್' ಎನ್ನುತ್ತದೆ.

ಟೀಚರ್ ಪ್ರಶ್ನೆಗಳ ಸರದಿಯನ್ನು ಅದಕ್ಕೇ ಬದಲಿಸುತ್ತಿರಲಿಲ್ಲ. ಕತೆ ಹೇಳುತ್ತಾ ಕಷ್ಟದ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಮೊದಲು, 'ಅವಳ ಮುಖ, ಕೈ, ದನಿ ಈಗ ಹೇಗಿರುತ್ತೆ?' ಎರಡನೆಯದು, 'ಯಾಕಿರಬಹುದು?' ಇದಕ್ಕೆ ಕನಿಷ್ಠ ಮೂರು ಕಾರಣ ಬರಬೇಕು, ಒಂದಕ್ಕೇ ಒಪ್ಪಿಕೊಳ್ಳುವ ಹಾಗಿಲ್ಲ. ಮೂರನೆಯದು, 'ಅವಳಿಗೆ ಏನು ಬೇಕು ಅಂತ ತಿಳಿಯೋದು ಹೇಗೆ?' ಕೊನೆಗೆ, 'ನಾವೇನು ಮಾಡಬಹುದು?' ಮೂರನೆಯದನ್ನು ಬಿಟ್ಟು ನೇರ ನಾಲ್ಕಕ್ಕೆ ಹಾರಿದರೆ ಮಕ್ಕಳು ತಮಗೆ ಬೇಕಾದದ್ದನ್ನೇ ಕೊಡುತ್ತಾರೆ. 'ನೀನು ಅವಳ ಜಾಗದಲ್ಲಿದ್ದರೆ?' ಎಂಬ ದೊಡ್ಡವರ ಮೆಚ್ಚಿನ ಪ್ರಶ್ನೆಯನ್ನು ಟೀಚರ್ ಅಪರೂಪಕ್ಕೆ ಕೇಳುತ್ತಿದ್ದರು, ಅದು ಸರಿಯೆಂದೇ ನನಗೂ ಅನ್ನಿಸುತ್ತದೆ. ಆ ಪ್ರಶ್ನೆ ಕೇಳಿದ ಕೂಡಲೇ ಮಗು ಅವಳನ್ನು ಬಿಟ್ಟು ತನ್ನ ಬಗ್ಗೆ ಮಾತಾಡತೊಡಗುತ್ತದೆ.

ಬಾಗಿಲ ಪಕ್ಕದ ಹವಾಮಾನ ನಕ್ಷೆಯ ಕೆಳಗೆ ಮುಖಗಳ ಸಾಲೊಂದಿತ್ತು. ಹಳೆಯ ಲಗ್ನಪತ್ರಿಕೆಯ ರಟ್ಟನ್ನು ಅಂಗೈಯಗಲ ದುಂಡಗೆ ಕತ್ತರಿಸಿ ಖುಷಿ, ಬೇಜಾರು, ಕೋಪ, ಹೆದರಿಕೆ ಎಂದು 4 ಮುಖ ಬರೆದು ಹಚ್ಚುವುದು. ಬೆಳಗ್ಗೆ ಒಳಗೆ ಬರುತ್ತಲೇ ಮಗು ತನ್ನ ಹೆಸರಿನ ಚೀಟಿಯನ್ನು ಒಂದರ ಕೆಳಗೆ ಸಿಕ್ಕಿಸಬೇಕು. ದಸರಾ ರಜೆಯ ನಂತರ ನಾಚಿಕೆ, ಹೊಟ್ಟೆಕಿಚ್ಚು ಇವೆರಡು ಸೇರುತ್ತಿದ್ದವು. ಆರಕ್ಕಿಂತ ಹೆಚ್ಚಾದರೆ ಚಿಕ್ಕವರು ಬಣ್ಣ ನೋಡಿ ಸಿಕ್ಕಿಸುತ್ತಾರೆ. ಇದು ಕೆಡುವುದು ಒಂದೇ ಕಾರಣಕ್ಕೆ: ಬೇಜಾರಿನ ಕೆಳಗೆ ಚೀಟಿ ಕಂಡ ಕೂಡಲೇ ಟೀಚರ್ ಎಲ್ಲರ ಮುಂದೆ 'ಯಾಕಪ್ಪಾ?' ಎಂದರೆ ಮರುದಿನದಿಂದ ಎಲ್ಲ ಚೀಟಿಗಳೂ ಖುಷಿಯ ಕೆಳಗೇ ಇರುತ್ತವೆ. ನೋಡಿ ಸುಮ್ಮನಿರಬೇಕು, ಗುಂಪಿನ ಕೆಲಸ ಶುರುವಾದ ಮೇಲೆ ಪಕ್ಕದಲ್ಲಿ ಹೋಗಿ ಕೂರಬೇಕು.

ಶನಿವಾರದ ಆಟ 'ಹತ್ತು ದಾರಿ'. ಒಂದು ಕಷ್ಟ ಹೇಳಿ ಅದಕ್ಕೆ ಹತ್ತು ಬಗೆಯ ನೆರವು ಹುಡುಕುವುದು. ನಿಯಮ ಮೂರು: ದುಡ್ಡು ಬೇಕಾಗುವ ದಾರಿ ಬೇಡ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಹೇಳಬಾರದು, ಟೀಚರಿಗೆ ಹೇಳುತ್ತೇನೆ ಎಂಬುದು ಒಮ್ಮೆ ಮಾತ್ರ. ಮೊದಲ ಮೂರು ನಾಲ್ಕು ದಾರಿ ಸಲೀಸಾಗಿ ಬರುತ್ತವೆ, ಆಮೇಲೆ ಎಲ್ಲರೂ ಸುಮ್ಮನಾಗುತ್ತಾರೆ. ಅಲ್ಲಿ ಆಟ ನಿಲ್ಲಿಸಬಾರದು, ಒಳ್ಳೆಯ ದಾರಿಗಳೆಲ್ಲ ಐದರಿಂದಾಚೆಗೇ ಹುಟ್ಟುತ್ತವೆ. ಕಾಲಿಗೆ ಪಟ್ಟಿ ಹಾಕಿಕೊಂಡ ಹುಡುಗ ಕುಂಟೆಬಿಲ್ಲೆ ಆಡಲಾರ ಎಂಬ ಕಷ್ಟ ತೆಗೆದುಕೊಳ್ಳಿ. ಮೊದಲು ಬರುವುದು 'ಅವನು ನೋಡ್ತಾ ಕೂರಲಿ', 'ಅವನ ಚೀಲ ಹೊರೋಣ'. ಆರೇಳಕ್ಕೆ ಬರುವ ಹೊತ್ತಿಗೆ 'ಅವನು ಬಿಲ್ಲೆ ಎಸೀಲಿ, ನಾನು ಕುಂಟ್ತೀನಿ' ಎಂಬುದು ಬರುತ್ತದೆ, ಆಮೇಲೆ ಎಲ್ಲರೂ ಕೂತು ಆಡುವ ಅಳಗುಳಿಮಣೆ ಬರುತ್ತದೆ. ಮಣೆ ಇಲ್ಲದಿದ್ದರೆ ಮಣ್ಣಿನಲ್ಲಿ 7ರಂತೆ ಎರಡು ಸಾಲು ಗುಳಿ, ಗುಳಿಗೆ 5ರಂತೆ 70 ಹುಣಸೆ ಬೀಜ. ಗುಲಗಂಜಿ ಚೆಂದವೆಂದು ಕೆಲವರು ತರುತ್ತಾರೆ, ಚಿಕ್ಕ ಮಕ್ಕಳ ಕೈಗೆ ಖಂಡಿತ ಕೊಡಬೇಡಿ, ಅಗಿದರೆ ವಿಷ. ಹತ್ತು ದಾರಿ ಸಿಕ್ಕ ಮೇಲೆ ಆರಿಸುವುದು ಆ ಹುಡುಗನೇ. ಅವನಿಲ್ಲದೆ ಅವನ ಬಗ್ಗೆ ತೀರ್ಮಾನ ಮಾಡುವ ಹಾಗಿರಲಿಲ್ಲ.

ನಮ್ಮ ತಾಲ್ಲೂಕಿಗೇ ಸೇರಿದ ಕಷ್ಟವೊಂದಿತ್ತು, ಈಗಲೂ ಇದೆ. ಕಾಫಿ ಕೊಯ್ಲಿನ ಕಾಲಕ್ಕೆ ಹಾಡಿಯ, ಅಂದರೆ ಬುಡಕಟ್ಟು ಜನರ ಊರಿನ, ಕುಟುಂಬಗಳು ಮಕ್ಕಳನ್ನೂ ಕರೆದುಕೊಂಡು ಕೊಡಗಿನ ತೋಟಗಳಿಗೆ ಹೋಗುತ್ತವೆ. ಎರಡು ಮೂರು ತಿಂಗಳು ಬಿಟ್ಟು ವಾಪಸ್ಸು ಬಂದ ಮಗು ಬಾಗಿಲಲ್ಲೇ ನಿಲ್ಲುತ್ತದೆ, ಒಂದೆರಡು ದಿನ ಬಂದು ಮತ್ತೆ ಬರುವುದಿಲ್ಲ. ನಲಿ-ಕಲಿಯ ಏಣಿ ಇದಕ್ಕೆ ಅರ್ಧ ಪರಿಹಾರ, ಎಲ್ಲಿ ಬಿಟ್ಟಿತ್ತೋ ಆ ಮೆಟ್ಟಿಲಿನಿಂದಲೇ ಮಗು ಮುಂದುವರಿಯಬಹುದು. ಉಳಿದರ್ಧ ಗೆಳೆಯರ ಕೈಯಲ್ಲಿದೆ. ಮಗು ಊರಲ್ಲಿಲ್ಲದಾಗಲೂ ಅದರ ಹೆಸರಿನ ಚೀಟಿ ಗೋಡೆಯಲ್ಲೇ ಇರುತ್ತಿತ್ತು, ಸ್ಲೇಟು ಬೇರೆಯವರಿಗೆ ಹೋಗುತ್ತಿರಲಿಲ್ಲ. ಬಂದ ದಿನ 'ಎಲ್ಲೋಗಿದ್ದೆ? ಯಾಕ್ ಬರ್ಲಿಲ್ಲ?' ಎಂದು ಇಡೀ ಕೋಣೆ ಮುತ್ತಿಕೊಳ್ಳದ ಹಾಗೆ ಮೊದಲೇ ನಾಲ್ವರನ್ನು ಗೊತ್ತುಮಾಡಿರುತ್ತಿದ್ದರು. ಒಬ್ಬರು ಮೊದಲ ಗುಂಪಿನಲ್ಲಿ ಜೊತೆಗೆ ಕೂರುವವರು, ಒಬ್ಬರು ಕೋಣೆಯಲ್ಲಿ ಜಾಗ ಬದಲಾದ ಸಾಮಾನು ತೋರಿಸುವವರು, ಒಬ್ಬರು ಹೊಸ ಹಾಡು ಹೇಳಿಕೊಡುವವರು, ಒಬ್ಬರು ಆಟಕ್ಕೆ ಕರೆಯುವವರು. ಪ್ರತಿಯೊಬ್ಬರಿಗೂ 10 ನಿಮಿಷ, ಆಮೇಲೆ ದೂರ ಸರಿಯಬೇಕು. ದಿನವಿಡೀ ಬೆನ್ನುಬಿದ್ದರೆ ಮಗುವಿಗೆ ಉಸಿರು ಕಟ್ಟುತ್ತದೆ.

ಎರಡನೇ ದಿನ ಆ ಮಗುವೇ ಪಾಠ ಮಾಡಬೇಕು. ಕೆಂಪು ಹಣ್ಣು ಯಾವುದು, ಇನ್ನೂ ಬಿಡಬೇಕಾದ ಕಾಯಿ ಯಾವುದು, ಕೊಯ್ದದ್ದನ್ನು ಹೇಗೆ ತೂಗುತ್ತಾರೆ, ಕಿಲೋಗೆ ಎಷ್ಟು ಕೊಡುತ್ತಾರೆ. ಅದನ್ನೇ ಹಿಡಿದು ಟೀಚರ್ ಆ ವಾರದ ಕೂಡುವ ಗುಣಿಸುವ ಲೆಕ್ಕ ಮಾಡಿಸುತ್ತಿದ್ದರು. ಎರಡು ತಿಂಗಳು ಪಾಠ ತಪ್ಪಿಸಿಕೊಂಡವನು ಎಂದು ನೋಡುತ್ತಿದ್ದ ಕಣ್ಣುಗಳು ಆ ದಿನದಿಂದ ಬೇರೆಯಾಗಿ ನೋಡುತ್ತಿದ್ದವು.

ಜೇನುಕುರುಬ, ಕಾಡುಕುರುಬ ಮಕ್ಕಳ ಮನೆಮಾತು ಶಾಲೆಯ ಕನ್ನಡವಲ್ಲ. ಮಗು ಸುಮ್ಮನೆ ಕೂತರೆ ದಡ್ಡತನವೆಂದು ಬಗೆಯುವುದು ಬಹಳ ಸುಲಭ. ಗೋಡೆಹಲಗೆಯಲ್ಲಿ ಚಿತ್ರ ಬರೆದು ಅದರಡಿ ಎರಡು ಮಾತು ಬರೆಯುತ್ತಿದ್ದರು, ಒಂದು ಶಾಲೆಯದು, ಒಂದು ಆ ಮಗುವಿನ ಮನೆಯದು. ಎರಡೂ ಕನ್ನಡ ಅಕ್ಷರದಲ್ಲೇ. ದಿನಕ್ಕೆ ಮೂರು ಮಾತು ಸಾಕು. ಇಲ್ಲಿ ಆಗುವ ತೊಂದರೆ, ಯಾರೋ ಒಬ್ಬ ಆ ಮಾತನ್ನು ಅಣಕಿಸಿ ನಗಿಸುತ್ತಾನೆ. ಅವನಿಗೆ ಬೈಗುಳವೂ ಇಲ್ಲ, ಬಸ್ಕಿಯೂ ಇಲ್ಲ. ನಾಳೆಯೊಳಗೆ ಆ ಮಗುವಿನಿಂದಲೇ ಐದು ಮಾತು ಕಲಿತು ಎಲ್ಲರೆದುರು ಹೇಳಬೇಕು, ಉಚ್ಚಾರ ಸರಿಯೋ ತಪ್ಪೋ ಎಂದು ಹೇಳುವ ಅಧಿಕಾರ ಆ ಮಗುವಿನದು.

ಕಣ್ಣಿಗೆ ಟವೆಲು ಕಟ್ಟಿ ನಡೆಯುವ ಆಟವನ್ನು ಈಗ ಎಲ್ಲ ಕಡೆ ಮಾಡಿಸುತ್ತಾರೆ, ಬಹಳ ಕಡೆ ಅದು ಬರೀ ಹೆದರಿಕೆಯನ್ನೋ ಅಯ್ಯೋ ಪಾಪವನ್ನೋ ಕಲಿಸಿ ಮುಗಿಯುತ್ತದೆ. ಅಲ್ಲಿ ಕಲಿಸಬೇಕಾದದ್ದು ಕರೆದೊಯ್ಯುವ ಕ್ರಮ. ಕಾಣದವರ ಕೈ ಹಿಡಿದು ಎಳೆಯಬಾರದು, ಹಿಂದಿನಿಂದ ತಳ್ಳಬಾರದು. ಅವರೇ ನಮ್ಮ ಮೊಣಕೈಯ ಮೇಲ್ಗಡೆ ಹಿಡಿದುಕೊಳ್ಳಬೇಕು, ನಾವು ಅರ್ಧ ಹೆಜ್ಜೆ ಮುಂದಿರಬೇಕು, ಮೆಟ್ಟಿಲು ಬಂದಾಗ ನಿಂತು 'ಮೇಲಕ್ಕೆ' ಅಥವಾ 'ಕೆಳಕ್ಕೆ' ಎಂದು ಹೇಳಬೇಕು. ಅಂಗಳದ ಕಲ್ಲು ತೆಗೆದು 20 ಹೆಜ್ಜೆ ನಡೆದರೆ ಸಾಕು. ಕಟ್ಟಿಸಿಕೊಳ್ಳಲು ಹೆದರುವ ಮಗು ಕಣ್ಣು ಮುಚ್ಚಿಕೊಂಡರೂ ಆಯಿತು.

ಜಗಳಕ್ಕೆ ಕಬಿನಿ ದಂಡೆಯ ನುಣುಪು ಕಲ್ಲೊಂದಿತ್ತು. ಕಲ್ಲು ಯಾರ ಕೈಯಲ್ಲಿದೆಯೋ ಅವರದು ಮಾತು. ಇನ್ನೊಬ್ಬರು ಕಲ್ಲು ತೆಗೆದುಕೊಳ್ಳುವ ಮುಂಚೆ 'ನೀನು ಹೇಳಿದ್ದು ಇದು' ಎಂದು ತಿರುಗಿ ಹೇಳಬೇಕು, ಹೇಳಿದವರು ಹೌದೆಂದ ಮೇಲಷ್ಟೇ ಕಲ್ಲು ಕೈಮಾರುವುದು. ಬಲವಂತದ 'ಸಾರಿ' ನಮ್ಮ ಕೋಣೆಯಲ್ಲಿ ಇರಲಿಲ್ಲ. 'ಈಗ ಏನು ಮಾಡಿದ್ರೆ ಸರಿಹೋಗುತ್ತೆ?' ಎಂದು ಪೆಟ್ಟಾದವರನ್ನೇ ಕೇಳಿ, ಅವರು ಹೇಳಿದ್ದನ್ನು ಮಾಡಬೇಕಿತ್ತು.

ನೆರವಿಗೆ ಬಹುಮಾನವೂ ಇರಲಿಲ್ಲ, ನಕ್ಷತ್ರದ ಗುರುತೂ ಇರಲಿಲ್ಲ. ವಾರ್ನೆಕೆನ್ ಮತ್ತು ಟೊಮಾಸೆಲೊ 2008ರಲ್ಲಿ ಪ್ರಕಟಿಸಿದ ಇನ್ನೊಂದು ಪ್ರಯೋಗದಲ್ಲಿ, ನೆರವಾದಾಗಲೆಲ್ಲ ಆಟದ ಸಾಮಾನು ಬಹುಮಾನ ಪಡೆದ 20 ತಿಂಗಳ ಕೂಸುಗಳು ಆಮೇಲೆ ಉಳಿದವಕ್ಕಿಂತ ಕಡಿಮೆ ನೆರವಾದವು. ನಮ್ಮ ಟೀಚರ್ ಆ ಪ್ರಯೋಗಕ್ಕಿಂತ ಎಷ್ಟೋ ಮೊದಲೇ 'ಶಭಾಷ್' ಬಿಟ್ಟು ಕಂಡದ್ದನ್ನಷ್ಟೇ ಹೇಳುತ್ತಿದ್ದರು: 'ನೀನು ಕಾದೆ, ಅವನೇ ಬರೆದ.' ಇವತ್ತು ಶಾಲೆಗಳಲ್ಲಿ 'ಒಳ್ಳೆಯ ಗೆಳೆಯ' ಬಿಲ್ಲೆ ಕೊಡುವುದನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ. ಬಿಲ್ಲೆಗಾಗಿ ಮಕ್ಕಳು ಕಷ್ಟವಿಲ್ಲದವರಿಗೂ ನೆರವಾಗಲು ನುಗ್ಗುತ್ತಾರೆ, ಕಷ್ಟದಲ್ಲಿರುವವರು ಅವರ ಅಂಕಕ್ಕೆ ಸಾಮಗ್ರಿಯಾಗುತ್ತಾರೆ.

ನೆರವು ಬೇಡವೆನ್ನುವುದನ್ನೂ ಬೇಕೆಂದು ಕೇಳುವುದನ್ನೂ ಕಲಿಸಬೇಕು. ನಮ್ಮಲ್ಲಿ ಅದಕ್ಕಿದ್ದದ್ದು ಹುಣಸೆ ಬೀಜ. ಸ್ಲೇಟಿನ ಮೂಲೆಯಲ್ಲಿ ಬೀಜ ಇಟ್ಟರೆ ಯಾರಾದರೂ ಬರಬಹುದು, ಇಡದಿದ್ದರೆ ಯಾರೂ ಬರಬಾರದು. ಕೆಲವು ಮಕ್ಕಳು ವಾರವೆಲ್ಲ ಬೀಜ ಇಡುವುದೇ ಇಲ್ಲ, ಕೇಳಿದರೆ ದಡ್ಡ ಎಂದುಕೊಳ್ಳುತ್ತಾರೆಂಬ ಅಳುಕು. ಅದಕ್ಕೆ ದಿನಕ್ಕೊಮ್ಮೆಯಾದರೂ ಟೀಚರೇ ತಮ್ಮ ಮುಂದೆ ಬೀಜ ಇಡಬೇಕು: ಚಪ್ಪರದ ಹುರಿ ಬಿಗಿಯಲು ಇನ್ನೊಂದು ತುದಿ ಹಿಡಿಯುವವರು ಬೇಕು, ಕಲಿಕಾ ಕಾರ್ಡುಗಳು ಬೆರೆತುಹೋಗಿವೆ, ಹಾಡಿಯ ಒಂದು ಮಾತಿನ ಅರ್ಥ ತಿಳಿದಿಲ್ಲ. ಕೆಲಸ ನಿಜವಾದದ್ದೇ ಆಗಿರಬೇಕು, ಮಕ್ಕಳಿಗಾಗಿ ಆಡುವ ನಾಟಕವನ್ನು ಆರು ವರ್ಷದವರು ಎರಡನೇ ದಿನಕ್ಕೇ ಕಂಡುಹಿಡಿಯುತ್ತಾರೆ. ಬಂದ ಮಗುವಿಗೆ ಕೆಲಸ ಒಪ್ಪಿಸಿ, ಮುಗಿಯುವವರೆಗೆ ಟೀಚರೂ ಕೈ ಹಾಕದೆ ಕಾಯಬೇಕು.