ಚಮಚ, ಚಪ್ಪಲಿ, ಬ್ಯಾಟರಿ ಮೀನು: ನಮ್ಮ ಎರೆ ಮಣ್ಣಿನ ನೀರಿಗೆ ಯಾವ ಲ್ಯೂರ್?

ಮಳೆಗಾಲದಲ್ಲಿ ಭೀಮಾ ಹೊಳೆಗೆ ಕೈ ಇಳಿಸಿದರೆ ಮಣಿಕಟ್ಟು ಮುಳುಗುವ ಹೊತ್ತಿಗೆ ಬೆರಳು ಕಾಣುವುದಿಲ್ಲ. ಮೇಲಿನ ಎರೆ ಹೊಲಗಳ ಮಣ್ಣೆಲ್ಲ ಕರಗಿ ಹೊಳೆಗೇ ಬಂದಿರುತ್ತದೆ. ಲ್ಯೂರ್ ಅಂದರೆ ಮೀನನ್ನು ಸೆಳೆಯಲು ಹುಳದ ಬದಲು ದಾರಕ್ಕೆ ಕಟ್ಟುವ, ಗಾಳವಿರುವ ನಕಲಿ ಬೇಟೆ. ಆನ್‌ಲೈನ್‌ನಲ್ಲಿ ಮಾರುವ ಲ್ಯೂರ್‌ಗಳ ವಿಡಿಯೊ ನೋಡಿದರೆ ಅಲ್ಲಿನ ನೀರು ಕನ್ನಡಿಯ ಹಾಗೆ ತಿಳಿ. ಕೆಂಪು ಕಣ್ಣು, ಹೊಳೆಯುವ ಹುರುಪೆ, ಕಾಮನಬಿಲ್ಲಿನ ಬಣ್ಣ, ಎಲ್ಲ ಎದ್ದು ಕಾಣುತ್ತದೆ. ಆ ಲ್ಯೂರನ್ನೇ ತಂದು ಸೊನ್ನ ಬ್ಯಾರೇಜಿನ ಕೆಳಗೋ, ಬೆಣ್ಣೆತೊರಾದ ಹಿನ್ನೀರಿಗೋ ಎಸೆದರೆ ಅದರ ಅರ್ಧ ಗುಣ ನೀರು ಮುಟ್ಟಿದ ಕೂಡಲೇ ಮಾಯ. ಆದ್ದರಿಂದ ಕಲಬುರಗಿ, ಬೀದರ್, ಯಾದಗಿರಿ ಕಡೆ ಗಾಳ ಹಾಕುವವರು ಯಾವುದೇ ವಿಚಿತ್ರ ಲ್ಯೂರಿಗೆ ದುಡ್ಡು ಕೊಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದನ್ನು ಮೀನಿನ ಕಣ್ಣಿಗೆಂದು ಮಾಡಿದ್ದಾರೋ, ಮೀನಿನ ಮೈಗೆಂದು ಮಾಡಿದ್ದಾರೋ?

ಮೈಗೆ ಅಂದದ್ದು ಸುಮ್ಮನೆ ಅಲ್ಲ. ಮೀನಿನ ಎರಡೂ ಪಕ್ಕೆಗೆ ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಕಾಣುತ್ತದಲ್ಲ, ಅದು ಬರೀ ಗುರುತಲ್ಲ. ಅದರ ಕೆಳಗೆ ಸಣ್ಣ ನಾಳವಿದೆ, ನಾಳದೊಳಗೆ ನವಿರು ಕೂದಲಿನಂಥ ಎಳೆಗಳಿರುವ ಜೀವಕೋಶಗಳಿವೆ. ಸುತ್ತಲಿನ ನೀರು ಅಲುಗಿದರೆ ಆ ಎಳೆಗಳು ಬಾಗುತ್ತವೆ. ಕಣ್ಣಿಗೆ ಏನೂ ಕಾಣದ ಕಡೆಯೂ ಹತ್ತಿರದಲ್ಲಿ ಯಾವುದು ಯಾವ ಕಡೆ ಒದ್ದಾಡುತ್ತಿದೆ ಅಂತ ಮೀನಿಗೆ ಗೊತ್ತಾಗುವುದು ಇದರಿಂದ.

ನಿಮ್ಮ ನೀರು ಕಣ್ಣಿನ ನೀರೋ ಮೈಯ ನೀರೋ ಅಂತ ತಿಳಿಯಲು ಒಂದು ಬಿಳಿ ಪ್ಲಾಸ್ಟಿಕ್ ಮುಚ್ಚಳ ಸಾಕು. ಅಂಗೈ ಅಗಲದ ಮುಚ್ಚಳಕ್ಕೆ ಅಡಿಯಲ್ಲಿ ಕಲ್ಲು ಕಟ್ಟಿ, 10 ಸೆಂಟಿಮೀಟರಿಗೊಂದು ಗಂಟು ಹಾಕಿದ ದಾರದಿಂದ ಇಳಿಬಿಡಿ. ಬಿಸಿಲಿಗೆ ಬೆನ್ನು ಮಾಡಿ ನಿಂತು ನೋಡಿ. 30 ಸೆಂಟಿಮೀಟರಿನ ಒಳಗೆ ಮುಚ್ಚಳ ಕಣ್ಮರೆಯಾದರೆ ಬಣ್ಣದ ಲೆಕ್ಕ ಬಿಟ್ಟುಬಿಡಿ, ನೀರು ತಳ್ಳುವ, ಸದ್ದು ಮಾಡುವ ಲ್ಯೂರ್ ಮಾತ್ರ ತೆಗೆಯಿರಿ. ಒಂದು ಮೀಟರ್ ದಾಟಿಯೂ ಕಂಡರೆ ಹೊಳಪು, ಬಣ್ಣ ಎರಡಕ್ಕೂ ಬೆಲೆ ಇದೆ. ಚಳಿಗಾಲ ಕಾಲಿಟ್ಟ ಮೇಲೆ, ಮಣ್ಣು ತಳಕ್ಕೆ ಕೂತಾಗ, ಕಾರಂಜಾದಂಥ ದೊಡ್ಡ ಜಲಾಶಯದ ಆಳದ ಕಡೆ ಹೀಗೆ ತಿಳಿಯಾಗುತ್ತದೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ನಮ್ಮ ಕೆರೆ, ಜಲಾಶಯಗಳಿಗೆ ಬಿಟ್ಟಿರುವ ಮೀನಿನಲ್ಲಿ ಹೆಚ್ಚಿನವು ಲ್ಯೂರಿಗೆ ಬರುವ ಜಾತಿಯೇ ಅಲ್ಲ. ಕಟ್ಲಾ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ, ರೋಹು ಪಾಚಿ ಮೇಯುತ್ತದೆ, ಮೃಗಾಲ್ ತಳದ ಕೊಳೆತದ್ದನ್ನು ಹೆಕ್ಕುತ್ತದೆ. ಇವಕ್ಕೆ ಹಿಟ್ಟಿನ ಉಂಡೆ, ಸ್ವಲ್ಪ ಹಿಂಗು, ಬೆಂಡು, ತಾಳ್ಮೆ. ಸಾವಿರ ರೂಪಾಯಿಯ ಲ್ಯೂರ್ ಎಸೆದು ದಿನವಿಡೀ ಕಾದರೂ ಕಟ್ಲಾ ತಿರುಗಿ ನೋಡುವುದಿಲ್ಲ, ಅದು ಲ್ಯೂರಿನ ತಪ್ಪೂ ಅಲ್ಲ. ಲ್ಯೂರಿಗೆ ಎರಗುವುದು ಬೇಟೆಯಾಡುವ ಮೀನು: ಮರಲ್, ಕೊರಮೀನು ಅಂತ ಕರೆಯುವ ಮುರ್ರೆಲ್, ಹೊಳೆಯ ಆಳದ ಬಾಳೆ ಮೀನು. ಮುಂದೆ ಹೇಳುವುದೆಲ್ಲ ಇವುಗಳ ವಿಷಯ.

ವಿಚಿತ್ರ ಅನ್ನಿಸಿದ ಲ್ಯೂರ್‌ಗಳಲ್ಲಿ ಇವತ್ತಿಗೂ ಗಟ್ಟಿಯಾಗಿ ನಿಂತಿರುವುದು ಚಮಚ. ಅಮೆರಿಕದ ಜೂಲಿಯೊ ಬ್ಯೂಯೆಲ್ 1852ರಲ್ಲಿ ಲೋಹದ ಲ್ಯೂರಿಗೆ ಪೇಟೆಂಟ್ ಪಡೆದ. ದೋಣಿಯಲ್ಲಿ ಊಟ ಮಾಡುವಾಗ ಕೈಜಾರಿ ಬಿದ್ದ ಚಮಚದ ಮೇಲೆ ಮೀನು ಎರಗಿದ್ದನ್ನು ಕಂಡು ಅವನಿಗೆ ಇದು ಹೊಳೆಯಿತು ಅಂತ ಕಥೆ ಹೇಳುತ್ತಾರೆ. ಕಥೆ ಹೇಗೇ ಇರಲಿ, ಚಮಚ ಗೆದ್ದದ್ದು ಬರೀ ಹೊಳಪಿನಿಂದಲ್ಲ. ಅದರ ಬಾಗು ಎಳೆದಾಗ ಆಚೆ ಈಚೆ ಓಲಾಡಿ ನೀರನ್ನು ತಳ್ಳುತ್ತದೆ, ತಿಳಿ ನೀರಿಗೂ ಕದಡಿದ ನೀರಿಗೂ ಆಗುತ್ತದೆ.

ಮನೆಯಲ್ಲೇ ಮಾಡಬಹುದು. ಚಹಾದ ಸ್ಟೀಲ್ ಚಮಚದ ಹಿಡಿಕೆಯನ್ನು ಬಟ್ಟಲಿನ ಬುಡಕ್ಕೆ ಗರಗಸದಿಂದ ಕೊಯ್ದು, ಅಂಚನ್ನು ಕಾನಸಿನಿಂದ ಬೆರಳಿಗೆ ತಾಗದಷ್ಟು ನುಣ್ಣಗೆ ಉಜ್ಜಿ. ಎರಡೂ ತುದಿಗೆ ಅಂಚಿನಿಂದ 4 ಮಿಲಿಮೀಟರ್ ಒಳಗೆ ಮೊಳೆಯಿಂದ ಗುರುತು ಕುಟ್ಟಿ, 3 ಮಿಲಿಮೀಟರ್ ಡ್ರಿಲ್ ಬಿಟ್‌ನಿಂದ ತೂತು ಹಾಕಿ. ಬಿಟ್ ಕೊರೆಯದೆ ಬರೀ ಉಜ್ಜಿದರೆ ಸ್ಟೀಲು ಇನ್ನಷ್ಟು ಗಡುಸಾಗುತ್ತದೆ. ಆದ್ದರಿಂದ ಡ್ರಿಲ್ ನಿಧಾನ ತಿರುಗಲಿ, ಒತ್ತಡ ಬಿಡಬೇಡಿ, ಒಂದೆರಡು ಹನಿ ಎಣ್ಣೆ ಹಾಕಿ. ವೇಗವಾಗಿ ತಿರುಗಿಸಿದರೆ ಬಿಟ್ಟಿನ ಮೊನೆ ಸುಟ್ಟುಹೋಗುತ್ತದೆ, ತೂತು ಮಾತ್ರ ಆಗುವುದಿಲ್ಲ. ಅಂಚಿಗೆ ತೀರ ಹತ್ತಿರ ತೂತು ಹಾಕಿದರೆ ದೊಡ್ಡ ಮೀನಿನ ಎಳೆತಕ್ಕೆ ಲೋಹವೇ ಹರಿದು ಬರಬಹುದು. ಅಗಲ ತುದಿಗೆ ರಿಂಗ್ ಹಾಕಿ ಮೂರು ಮೊನೆಯ ಗಾಳ, ಚೂಪು ತುದಿಗೆ ರಿಂಗ್ ಹಾಕಿ ಸ್ವಿವೆಲ್, ಅಂದರೆ ದಾರಕ್ಕೆ ಮುರಿ ಬೀಳದಂತೆ ತಾನೇ ತಿರುಗುವ ಕೊಂಡಿ. ಈ ಸ್ವಿವೆಲ್ ಬಿಟ್ಟವರು ಕೆಲವು ಎಸೆತದಲ್ಲೇ ದಾರವೆಲ್ಲ ಮುರಿ ಬಿದ್ದು ರೀಲಿನಿಂದ ಗುಂಜು ಗುಂಜಾಗಿ ಹೊರಬರುವುದನ್ನು ನೋಡುತ್ತಾರೆ. ಬಟ್ಟಲು ತುಂಬ ಆಳವಿದ್ದರೆ ಓಲಾಡುವ ಬದಲು ಗಿರ್ರನೆ ಸುತ್ತುತ್ತದೆ, ಆಗ ಕಟ್ಟಿಗೆಯ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸ್ವಲ್ಪ ಚಪ್ಪಟೆ ಮಾಡಿ.

ಕಣ್ಣನ್ನೇ ನಂಬಿ ಸೋತದ್ದಕ್ಕೆ ಗಾಜಿನ ನಳಿಗೆಯ ಲ್ಯೂರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಅಮೆರಿಕದಲ್ಲಿ ಬಂದದ್ದು. ಗಾಜಿನ ನಳಿಗೆಯೊಳಗೆ ನೀರು ತುಂಬಿ, ಜೀವಂತ ಮರಿಮೀನು ಬಿಟ್ಟು, ಸುತ್ತ ಗಾಳ ಕಟ್ಟುವುದು. ಒಂದೇ ಮರಿ ಇಡೀ ದಿನಕ್ಕೆ ಸಾಕು, ಗಾಜಿನಿಂದ ಅದು ದೊಡ್ಡದಾಗಿಯೂ ಕಾಣುತ್ತದೆ ಅನ್ನುವ ಲೆಕ್ಕ. ಜಾಣತನವೇ. ಆದರೆ ಮರಿಯ ವಾಸನೆ ಗಾಜಿನೊಳಗೆ, ಅದರ ಒದ್ದಾಟದ ಅಲೆಯೂ ಗಾಜಿನೊಳಗೆ. ಹೊರಗಿನ ಮೀನಿಗೆ ಉಳಿಯುವುದು ನೋಟ ಮಾತ್ರ. ಬಂಡೆಗೆ ಬಡಿದರೆ ಒಡೆಯುತ್ತದೆ, ನೀರು ಬದಲಿಸದಿದ್ದರೆ ಮರಿ ಸಾಯುತ್ತದೆ. ನಮ್ಮ ಕದಡು ನೀರಿನಲ್ಲಿ ಅದು ಬರೀ ಒಂದು ಸೀಸೆ.

ಗುಳಿಗೆ ಹಾಕುವ ಲ್ಯೂರ್‌ಗಳೂ ಬಂದಿವೆ. ಹೊಟ್ಟೆಯಲ್ಲಿ ಸಣ್ಣ ಗೂಡು, ಅದರಲ್ಲಿ ನೀರಿಗೆ ಬಿದ್ದರೆ ಬುರುಬುರು ಅನ್ನುವ ಗುಳಿಗೆ, ತೂತುಗಳಿಂದ ಗುಳ್ಳೆ. ಇಲ್ಲಿನ ಹುಡುಗರು ಅದೇ ಆಸೆಗೆ ಈನೊ ಪುಡಿ ತುಂಬಿದರೆ ನಡೆಯುವುದಿಲ್ಲ. ಪುಡಿಯ ನೊರೆ ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ, ಲ್ಯೂರ್ ಆಳಕ್ಕೆ ಇಳಿಯುವ ಮುಂಚೆಯೇ ಗೂಡು ಖಾಲಿ. ಒತ್ತಿ ಮಾಡಿದ ಗುಳಿಗೆ ಒಂದೆರಡು ನಿಮಿಷ ಬರುತ್ತದೆ. ಗುಳ್ಳೆ ತುಂಬಿದಾಗ ಲ್ಯೂರ್ ಹಗುರಾಗಿ ಮೇಲೇಳುತ್ತದೆ, ತೂತು ಕಟ್ಟಿಕೊಂಡರೆ ಮುಚ್ಚಳವೇ ಹಾರಿಹೋಗುತ್ತದೆ. ಗುಳ್ಳೆಗೆ ಮೀನು ಬಂದರೂ ಬರಬಹುದು, ಆದರೆ ಎರಡು ಎಸೆತಕ್ಕೊಮ್ಮೆ ಗುಳಿಗೆ ತುಂಬುವ ಹೊತ್ತಿನಲ್ಲಿ ಗಾಳ ನೀರಿನಲ್ಲಿರುವುದಿಲ್ಲ.

ಲ್ಯೂರಿಗೆ ಡಬ್ಲ್ಯುಡಿ-40 ಅನ್ನುವ ತುಕ್ಕು ಬಿಡಿಸುವ ಸ್ಪ್ರೇ ಸಿಂಪಡಿಸುವ ಚಾಳಿಯ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇವೆ: ಬೇಡ. ಅದರಲ್ಲಿ ಮೀನೆಣ್ಣೆ ಇದೆ ಅನ್ನುವುದು ಗಾಳಿಮಾತು, ತಯಾರಿಸುವ ಕಂಪನಿಯೇ ಅಲ್ಲಗಳೆದಿದೆ. ಅದು ಪೆಟ್ರೋಲಿಯಂನಿಂದ ಮಾಡಿದ್ದು. ಕಾರಂಜಾ ನೀರನ್ನು ಬೀದರ್ ಕುಡಿಯುತ್ತದೆ, ಭೀಮಾ, ಬೆಣ್ಣೆತೊರಾ ನೀರನ್ನು ಕಲಬುರಗಿ ಕುಡಿಯುತ್ತದೆ. ಕುಡಿಯುವ ನೀರಿಗೆ ಅಂಥದ್ದನ್ನು ಯಾಕೆ ಬೆರೆಸಬೇಕು?

1990ರ ದಶಕದಲ್ಲಿ ಅಮೆರಿಕದ ಟಿವಿಯಲ್ಲಿ ಅರ್ಧ ಗಂಟೆಯ ಜಾಹೀರಾತು ಮಾಡಿ ಲ್ಯೂರ್ ಮಾರುವ ಕಾಲವೊಂದಿತ್ತು. ಹೆಲಿಕಾಪ್ಟರ್ ಲ್ಯೂರ್, ಫ್ಲೈಯಿಂಗ್ ಲ್ಯೂರ್, ಬ್ಯಾಂಜೊ ಮಿನ್ನೊ ಆಗಿನವು. ಇವುಗಳಲ್ಲಿ ಫ್ಲೈಯಿಂಗ್ ಲ್ಯೂರಿನ ಯೋಚನೆಗೆ ನಮ್ಮ ಗೌರವವಿದೆ. ಉಳಿದ ಲ್ಯೂರ್‌ಗಳು ದಾರ ಸಡಿಲ ಬಿಟ್ಟರೆ ನೇರ ಕೆಳಗೆ ಬೀಳುತ್ತವೆ ಅಥವಾ ನಮ್ಮ ಕಡೆಗೇ ಬರುತ್ತವೆ. ಇದು ನಮ್ಮಿಂದ ದೂರಕ್ಕೆ ಜಾರುತ್ತದೆ, ತೇಲುವ ಕಳೆಯ ಅಡಿಗೆ, ಮುಳುಗಿದ ಗಿಡದ ಬುಡಕ್ಕೆ ಹೋಗುತ್ತದೆ. ಮೀನು ಅಡಗುವುದೂ ಅಲ್ಲಿಯೇ. ಆದರೆ ದಾರ ಪೂರ್ತಿ ಸಡಿಲ ಬಿಡಬೇಕು, ಸಡಿಲ ದಾರದಲ್ಲಿ ಮೀನು ಕಚ್ಚಿದ್ದು ಕೈಗೆ ತಿಳಿಯುವುದಿಲ್ಲ. ದಾರ ನೀರಿಗೆ ಇಳಿಯುವ ಜಾಗವನ್ನೇ ನೋಡುತ್ತ ಕೂರಬೇಕು. ಹೆಲಿಕಾಪ್ಟರಿಗೆ ಚಮಚದ್ದೇ ರೋಗ, ಸುತ್ತಿ ಸುತ್ತಿ ದಾರಕ್ಕೆ ಮುರಿ. ಬ್ಯಾಂಜೊ ಮಿನ್ನೊ ಆಗುವುದು ಗಾಳದ ಕೋಲನ್ನು ಮಿಡಿಸಿ ಆಡಿಸುವುದರಲ್ಲಿ ಪಳಗಿದ ಕೈಗೆ ಮಾತ್ರ.

2011ರ ಅಕ್ಟೋಬರಿನಲ್ಲಿ ಅಮೆರಿಕದ ಮೀನುಗಾರ ಪಾಲ್ ಇಲಯಸ್ ಅಲಬಾಮಾ ರಿಗ್ ಹಿಡಿದು ಗಂಟರ್ಸ್‌ವಿಲ್ ಸರೋವರದ ಗಾಳದ ಸ್ಪರ್ಧೆ ಗೆದ್ದ ಮೇಲೆ ಅದಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಕೊಡೆ ಕಡ್ಡಿಯ ಹಾಗೆ ಹರಡಿದ ಐದು ತಂತಿ, ಐದಕ್ಕೂ ಮೆತ್ತನೆ ಮರಿಮೀನು, ನೋಡಲು ಒಂದು ಸಣ್ಣ ಹಿಂಡು. ಎಷ್ಟು ಹಿಡಿಯಿತೆಂದರೆ ಕೆಲವು ದೊಡ್ಡ ಸ್ಪರ್ಧೆಗಳೇ ಅದನ್ನು ನಿಷೇಧಿಸಿದವು. ನಮ್ಮ ಜಲಾಶಯಗಳಿಗೆ ಮಾತ್ರ ಅದು ಬೇಡ. ಹಿನ್ನೀರಿನಡಿ ಮುಳುಗಿರುವ ಜಾಲಿ ಕಂಟಿಗಳಿಗೆ ಒಂದು ಗಾಳ ಸಿಕ್ಕರೇ ಬಿಡಿಸುವುದು ಕಷ್ಟ, ಐದು ಸಿಕ್ಕರೆ ದಾರ ಕೊಯ್ಯುವುದೇ.

ಈಗ ಹೆಚ್ಚು ಕೇಳಿಬರುವುದು ಚಾರ್ಜ್ ಮಾಡುವ ಬ್ಯಾಟರಿ ಮೀನು. ತುಂಡು ತುಂಡು ಮೈ, ಒಳಗೆ ಸಣ್ಣ ಮೋಟಾರು, ನೀರು ತಾಗಿದರೆ ತಾನೇ ಈಜುತ್ತದೆ. ಅಲುಗಾಟ ಇದೆ, ಹಾಗಾಗಿ ಮೈಯ ಪ್ರಶ್ನೆಗೆ ಪಾಸಾಗಬೇಕಿತ್ತು. ತೊಂದರೆ ಬೇರೆ ಕಡೆ. ಅದರ ಮಿಡಿತ ಒಂದೇ ಸಮ, ನಿಲ್ಲುವುದಿಲ್ಲ. ಬೇಟೆಯ ಮೀನು ಬಹಳ ಸಲ ಎರಗುವುದು ಅಲುಗಾಟ ನಿಂತ ಕ್ಷಣದಲ್ಲಿ. ಮೇಲಾಗಿ ದಾರ ಕಟ್ಟಿ ಸ್ವಲ್ಪ ಎಳೆದರೂ ಮೋಟಾರಿನ ಬಲ ಲೆಕ್ಕಕ್ಕಿಲ್ಲ. ಕೊಂಡವರು ಒಂದು ಕೆಲಸ ಮರೆಯಬಾರದು: ನೀರಿನಿಂದ ತೆಗೆದ ಕೂಡಲೇ ಹೊಟ್ಟೆಯ ಕೆಳಗಿನ ಎರಡು ಲೋಹದ ಚುಕ್ಕೆಗಳನ್ನು ಬಟ್ಟೆಯಿಂದ ಒರೆಸಿ. ಅವು ಒದ್ದೆ ಇದ್ದರೆ ಡಬ್ಬಿಯೊಳಗೂ ಮೋಟಾರು ಓಡುತ್ತಲೇ ಇರುತ್ತದೆ. ಕೀಲಿನ ಸಂದಿಯಲ್ಲಿ ಎರೆ ಮಣ್ಣು ಒಣಗಿದರೆ ಮೈ ಬಾಗುವುದೂ ನಿಲ್ಲುತ್ತದೆ.

ಇನ್ನು ನಮ್ಮ ನೀರಿಗೆ ಹೇಳಿ ಮಾಡಿಸಿದ್ದು. ಫ್ರೆಡ್ ಆರ್ಬೊಗಾಸ್ಟ್‌ನ ಜಿಟರ್‌ಬಗ್ 1938ರಿಂದ ಇದೆ. ಮೂತಿಗೆ ಅಡ್ಡಲಾಗಿ ಕೂರಿಸಿದ ಲೋಹದ ತಟ್ಟೆ, ಎಳೆದರೆ ಗುಳುಕ್ ಗುಳುಕ್ ಅಂತ ಆಚೆ ಈಚೆ ಹೆಜ್ಜೆ ಹಾಕುತ್ತದೆ. 2008ರಲ್ಲಿ ಬಂದ ಲ್ಯಾರಿ ಡಾಲ್‌ಬರ್ಗ್‌ನ ವಾಪರ್ ಪ್ಲಾಪರ್ ಬಾಲ ತಿರುಗಿಸಿ ನೀರನ್ನು ಚಟಪಟ ಬಡಿಯುತ್ತದೆ. ಮೊದಲ ನೋಟಕ್ಕೆ ಎರಡೂ ಆಟಿಕೆ. ಆದರೆ ಮುರ್ರೆಲ್ ಗಾಳಿ ಕುಡಿಯಲು ಆಗಾಗ ಮೇಲೆ ಬರುವ ಮೀನು, ಕಪ್ಪೆ ತಿನ್ನುವ ಮೀನು. ನೀರಿನ ಮೇಲ್ಪದರದಲ್ಲಿ ಸದ್ದಾದರೆ ಅದಕ್ಕೆ ಊಟದ ಸದ್ದು.

ಇದೇ ಗುಣದ ಲ್ಯೂರ್ ಹಳೆಯ ಹವಾಯಿ ಚಪ್ಪಲಿಯಿಂದ ಆಗುತ್ತದೆ. ಹಿಮ್ಮಡಿ ಭಾಗದಿಂದ 6 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲದ ತುಂಡು ಕೊಯ್ಯಿರಿ. ಹೊಸ ಬ್ಲೇಡಿಗೆ ಸೋಪಿನ ನೀರು ಹಚ್ಚಿದರೆ ರಬ್ಬರು ಹರಿಯದೆ ನುಣ್ಣಗೆ ಕೊಯ್ಯುತ್ತದೆ. ಮುಂದಿನ ಮುಖವನ್ನು ಹೆಬ್ಬೆರಳಿಗೆ ಸುತ್ತಿದ ಪಾಲಿಶ್ ಪೇಪರಿನಿಂದ 3-4 ಮಿಲಿಮೀಟರ್ ಆಳಕ್ಕೆ ಬಟ್ಟಲಿನ ಹಾಗೆ ತೋಡಿ. ಈ ತಗ್ಗೇ ಸದ್ದು ಹುಟ್ಟಿಸುವುದು. 1 ಮಿಲಿಮೀಟರಿನ ಸ್ಟೀಲ್ ತಂತಿಯನ್ನು ಕಾಯಿಸಿ ಮುಖದಿಂದ ಬಾಲಕ್ಕೆ, ನಟ್ಟನಡುವಿಗಿಂತ ಸ್ವಲ್ಪ ಹೊಟ್ಟೆಯ ಕಡೆ, ತೂರಿಸಿ. ಮುಂದೆ ಒಂದು ಕಣ್ಣು ಮಾಡಿ ಮೂರು ಸುತ್ತು ಬಿಗಿಯಿರಿ. ಹಿಂದೆ 2-3 ಗ್ರಾಂ ತೂಕದ ನಟ್ ಪೋಣಿಸಿ, ಆಮೇಲೆ ಕಣ್ಣು ಮಾಡಿ ಗಾಳ ಸಿಕ್ಕಿಸಿ. ಗಾಳವನ್ನು ರಬ್ಬರಿಗೇ ಚುಚ್ಚಿ ಅಂಟು ಹಾಕಿದರೆ ಮೊದಲ ಒಳ್ಳೆಯ ಮೀನೇ ಕಿತ್ತುಕೊಂಡು ಹೋಗುತ್ತದೆ, ಎಳೆತವೆಲ್ಲ ತಂತಿಯ ಮೇಲೆ ಬೀಳಬೇಕು.

ಬಕೆಟ್ ನೀರಿನಲ್ಲಿ ಬಿಟ್ಟು ನೋಡಿ. ಬಾಲ ತಗ್ಗಿ, ಮುಖದ ಅರ್ಧ ನೀರಿನ ಮೇಲಿರಬೇಕು. ಪೂರ್ತಿ ಅಡ್ಡ ಮಲಗಿದರೆ ಎಳೆದಾಗ ಸುಮ್ಮನೆ ಜಾರುತ್ತದೆ, ಸದ್ದಿಲ್ಲ, ಇನ್ನೊಂದು ನಟ್ ಬೇಕು. ನೆಟ್ಟಗೆ ನಿಂತರೆ ತೂಕ ಹೆಚ್ಚಾಯಿತು. ಕೊನೆಗೆ ಪಂಕ್ಚರ್ ಅಂಗಡಿಯಲ್ಲಿ ಸಿಗುವ ಹಳೆ ಸೈಕಲ್ ಟ್ಯೂಬನ್ನು 2 ಮಿಲಿಮೀಟರ್ ಅಗಲ, 6 ಸೆಂಟಿಮೀಟರ್ ಉದ್ದದ ಎಳೆಗಳಾಗಿ ಕತ್ತರಿಸಿ, ಹನ್ನೆರಡು ಎಳೆ ಬಾಲಕ್ಕೆ ಕಟ್ಟಿ. ಕಪ್ಪೇ ಇರಲಿ, ಬಣ್ಣ ಬಳಿಯಬೇಡಿ. ಕೆಳಗಿನಿಂದ ನೋಡುವ ಮೀನಿಗೆ ಬೆಳಕಿನ ಆಕಾಶದ ಮೇಲೆ ಕಪ್ಪು ನೆರಳೇ ಎಲ್ಲಕ್ಕಿಂತ ಸ್ಪಷ್ಟ.

ಎಸೆದ ಮೇಲೆ ನೀರಿನ ಉಂಗುರಗಳು ಅಳಿಯುವ ತನಕ ಅಲುಗಿಸಬೇಡಿ. ಗೇಣುದ್ದ ಒಂದು ಜಗ್ಗು, ಮತ್ತೆ ನಿಲುಗಡೆ. ಮುರ್ರೆಲ್ ಎರಗಿದ ಸಪ್ಪಳಕ್ಕೆ ಬೆಚ್ಚಿ ಕೋಲು ಎತ್ತಿದರೆ ಲ್ಯೂರ್ ಖಾಲಿ ಹಾರಿ ಬರುತ್ತದೆ. ದಾರದಲ್ಲಿ ಭಾರ ತೂಗಿದ ಮೇಲೆ ಜೋರಾಗಿ ಎಳೆಯಿರಿ. ಅದರ ಬಾಯಿ ಎಲುಬಿನಷ್ಟು ಗಟ್ಟಿ, ಮೊಂಡು ಮೊನೆ ಇಳಿಯುವುದಿಲ್ಲ. ಉಗುರಿನ ಮೇಲೆ ಎಳೆದಾಗ ಗಾಳ ಜಾರದೆ ಕಚ್ಚಿ ನಿಲ್ಲಬೇಕು. ಅಂಗಡಿಯಲ್ಲಿ ಸಿಗುವ ಟೊಳ್ಳು ರಬ್ಬರ್ ಕಪ್ಪೆ ಲ್ಯೂರಿನ ಗಾಳಗಳು ಮೈಗೆ ಅಂಟಿಕೊಂಡಿರುತ್ತವೆ, ಇಕ್ಕಳದಿಂದ ಎರಡೂ ಮೊನೆಯನ್ನು ಕೂದಲೆಳೆಯಷ್ಟು ಹೊರಗೆ ತಿರುಗಿಸಿದರೆ ತಪ್ಪಿಸಿಕೊಳ್ಳುವ ಮೀನು ಕಡಿಮೆಯಾಗುತ್ತದೆ.

ಮಳೆಗಾಲದಲ್ಲಿ ಕೆಂಪು ಮರಿಗಳ ಗುಂಪು ನೀರಿನ ಮೇಲೆ ಕುದಿಯುವಂತೆ ಕಂಡರೆ ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಅಲ್ಲಿ ಎಂಥ ಲ್ಯೂರ್ ಎಸೆದರೂ ಎರಗುತ್ತವೆ, ಎರಗುವುದು ಹಸಿವಿನಿಂದಲ್ಲ. ಅವುಗಳನ್ನು ಎತ್ತಿದರೆ ಮರಿಗಳನ್ನು ಬೇರೆ ಮೀನು ತಿಂದು ಮುಗಿಸುತ್ತದೆ. ಅಲ್ಲಿಂದ ಮುಂದಕ್ಕೆ ನಡೆಯಿರಿ. ಕೆರೆ, ಜಲಾಶಯಗಳ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಗುತ್ತಿಗೆ ಹಿಡಿದವರನ್ನು ಕೇಳಿಯೇ ಗಾಳ ಹಾಕಿ. ಸುರಪುರ ಕಡೆಯ ಕೃಷ್ಣಾ ದಂಡೆಯಲ್ಲಿ ಮೊಸಳೆ ಇವೆ, ಸಿಕ್ಕಿಕೊಂಡ ಲ್ಯೂರ್ ಬಿಡಿಸಲು ನೀರಿಗೆ ಇಳಿಯಬೇಡಿ. ಚಪ್ಪಲಿಯ ತುಂಡು ಇನ್ನೊಂದು ಕೊಯ್ದರಾಯಿತು.