ಚೀಲದ ಮೇಷ್ಟ್ರು

ನಮ್ಮ ಜಾನಪದ ಮೇಷ್ಟ್ರು ತೀರಿಕೊಂಡರು ಅಂತ ಫೋನ್ ಬಂದಾಗ ನಾನು ಅರಕಲಗೂಡಿನ ಬಸ್ಸಿನಲ್ಲಿದ್ದೆ. ಗೊರೂರು ಬಂದಿತ್ತು. 'ಇಲ್ಲಿನ ರಾಮಸ್ವಾಮಿ ಅಯ್ಯಂಗಾರರು ಹಳ್ಳಿ ಹಾಡು ಕೂಡಿಸಿದವರು ಕಣ್ರಯ್ಯಾ' ಅಂತ ಪ್ರತಿ ಸಲವೂ ಅವರು ಕಿಟಕಿಯಿಂದ ಕೈ ತೋರಿಸುತ್ತಿದ್ದ ಜಾಗ.

ಅವರು ಹಾಸನದ ಸ್ನಾತಕೋತ್ತರ ಕೇಂದ್ರ ಹೇಮಗಂಗೋತ್ರಿಗೆ ಬಂದಾಗ ನಾವು ಎಂ.ಎ. ಕನ್ನಡ ಮೊದಲ ವರ್ಷ. ಅವರು ಓದಿದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. 1968ರಲ್ಲಿ ಶುರುವಾದ ಅಲ್ಲಿನ ಜಾನಪದ ವಸ್ತುಸಂಗ್ರಹಾಲಯದ ಮಾತು, ಜಾನಪದ ವಿದ್ವಾಂಸ ಜೀ.ಶಂ. ಪರಮಶಿವಯ್ಯನವರ ಮಾತು ಬಂದರೆ ದನಿಯೇ ಮೆತ್ತಗಾಗುತ್ತಿತ್ತು. ಮೊದಲ ಕ್ಲಾಸಿಗೆ ಪುಸ್ತಕ ತರಲಿಲ್ಲ. ಹೆಗಲ ಮೇಲಿನ ಬಟ್ಟೆ ಚೀಲದಿಂದ ಒಂದು ಮುದ್ದೆ ಕೋಲು ತೆಗೆದು, 'ನಿಮ್ಮ ಮನೇಲಿ ಇದಕ್ಕೆ ಏನಂತಾರೆ?' ಅಂದರು. ಹಿಟ್ಟಿನ ದೊಣ್ಣೆ ಅಂತ ನಾನು ಹೇಳಿದ್ದು ಬೋರ್ಡಿನ ಮೇಲೆ ಬಂತು. ನಮ್ಮವ್ವನ ಮಾತು ಬೋರ್ಡಿನ ಮೇಲೆ! ಸಿಲೆಬಸ್ಸಿನಲ್ಲಿ ಇನ್ನೇನಿತ್ತೋ ನೆನಪಿಲ್ಲ.

ಊರಿಂದ ಹತ್ತು ತ್ರಿಪದಿ ಬರೆದುಕೊಂಡು ಬನ್ನಿ ಅಂದಿದ್ದರು. ನಾನೂ ರೂಮಿನ ಗೆಳೆಯನೂ ಹಾಸ್ಟೆಲ್ಲಿನಲ್ಲೇ ಕೂತು ಹತ್ತನ್ನೂ ಕಟ್ಟಿದೆವು. 'ಹೇಳಿದವರು: ಅಜ್ಜಿ, ವಯಸ್ಸು 80' ಅಂತ ಬರೆದು ಕೊಟ್ಟೆವು. ಮೇಷ್ಟ್ರು ಏನೂ ಅನ್ನಲಿಲ್ಲ. ಭಾನುವಾರ ಇಬ್ಬರನ್ನೂ ಅರಕಲಗೂಡಿನ ಆಚೆಯ ಒಂದು ಹಳ್ಳಿಗೆ ಕರೆದುಕೊಂಡು ಹೋಗಿ, ಒಬ್ಬ ಅಜ್ಜಿಯ ರಾಗಿಕಲ್ಲಿನ ಮುಂದೆ ಕೂರಿಸಿದರು.

'ನಿನ್ನ ಪದ ಹಾಡ್ತಾ ಬೀಸು.'

ಗೂಟ ಹಿಡಿದೆ. ಎರಡು ಸುತ್ತು ಬರುವಷ್ಟರಲ್ಲಿ ಪದ ಒಂದು ಕಡೆ, ಕಲ್ಲು ಒಂದು ಕಡೆ. ಉಸಿರು ಎಲ್ಲಿ ಎಳೆಯಬೇಕೋ ಗೊತ್ತಾಗಲಿಲ್ಲ. ಅಜ್ಜಿ ನಕ್ಕು ಗೂಟ ತಗೊಂಡರು. ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ ಹಾಕಿ, ಕಲ್ಲನ್ನು ತಾಯಿ ಅಂತ ಕರೆದು, ಬೆಲ್ಲದಾರತಿ ಬೆಳಗ್ತೀನಿ ಅಂತ ಹಾಡಿದರು. ಎರಡನೇ ಸಾಲು ಎರಡು ಸಲ ಬಂತು.

'ನೋಡು, ಬರೆದರೆ ಮೂರು ಸಾಲು, ಹಾಡಿದರೆ ನಾಲ್ಕು. ಆ ಸಾಲು ಮತ್ತೆ ಹಾಡುವಾಗಲೇ ಅಜ್ಜಿ ಮುಂದಿನದನ್ನ ಹುಡುಕ್ಕೋತಾರೆ' ಅಂದರು ಮೇಷ್ಟ್ರು.

ಬೈಯಲಿಲ್ಲ. ನಮ್ಮ ಹಾಳೆಯಲ್ಲಿ ಅಜ್ಜಿಯನ್ನು ಹೊಡೆದು ಹಾಕಿ ನಮ್ಮ ಹೆಸರು ಬರೆದು, ವಯಸ್ಸು 22 ಅಂತ ತಿದ್ದಿ ವಾಪಸ್ ಕೊಟ್ಟರು. ಆ ಹಾಳೆ ಇವತ್ತಿಗೂ ನನ್ನ ಹತ್ತಿರ ಇದೆ.

ಆಮೇಲೆ ನಾನು ಆಲೂರು, ಅರಕಲಗೂಡು ಸೀಮೆ ಸುತ್ತಿ 600ಕ್ಕೂ ಜಾಸ್ತಿ ಪದ ಬರೆದುಕೊಂಡೆ. ಹಾಡಿದವರ ಹೆಸರಿಲ್ಲದೆ ಒಂದನ್ನೂ ಬರೆದಿಲ್ಲ. ಅದು ನನ್ನ ಹೆಮ್ಮೆ. ಈಗ ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದಕ್ಕೇ ಒಂದು ವಿಶ್ವವಿದ್ಯಾಲಯ ಇದೆ, ಸಂತೋಷ. ಆದರೆ ನಾನು ಪಾಠ ಮಾಡುವ ಮಕ್ಕಳು ಮೊಬೈಲಿನಿಂದ ಹಾಡು ಇಳಿಸಿಕೊಂಡು ಪ್ರಾಜೆಕ್ಟ್ ಕೊಡುತ್ತಾರೆ. ಸೆಮಿಸ್ಟರ್ ಓಟದಲ್ಲಿ ಅವರನ್ನು ಒಂದು ಹಳ್ಳಿಗೆ ಕರೆದೊಯ್ಯಲೂ ನಮಗೆ ಬಿಡುವಿಲ್ಲ. ಮಕ್ಕಳದು ಏನು ತಪ್ಪು, ಅಲ್ವಾ?

ಅವತ್ತು ಅರಕಲಗೂಡಿನಲ್ಲಿ ಇಳಿದವನು ನನ್ನ ಕೆಲಸ ಬಿಟ್ಟು ಆ ಹಳ್ಳಿಗೇ ಹೋದೆ. ಅಜ್ಜಿ ಹೋಗಿ ಎಷ್ಟೋ ವರ್ಷ ಆಯಿತು. ರಾಗಿಕಲ್ಲು ಹಿತ್ತಲಲ್ಲಿತ್ತು, ಗೂಟ ಇರಲಿಲ್ಲ. ಸೊಸೆಗೆ ವಿಷಯ ಹೇಳಿದೆ.

'ಚೀಲದ ಮೇಷ್ಟ್ರಾ?' ಅಂದವರು ಹಾಗೇ ಜಗಲಿ ಮೇಲೆ ಕೂತುಬಿಟ್ಟರು.