ರೋಮಿನ ಹುತಾತ್ಮರ ಜಾಡಿನಲ್ಲಿ: ಕಲ್ಲು ಹೇಳುವುದು, ಕಥೆ ಹೇಳುವುದು

ಆದಿ ಕ್ರೈಸ್ತ ಹುತಾತ್ಮರ ಸ್ಥಳಗಳನ್ನು ನೋಡಲು ರೋಮಿಗೆ ಹೊರಡುವವರು ಊರಿನ ನಕ್ಷೆಗಿಂತ ಮೊದಲು ಒಂದು ಹಳೆಯ ಪಟ್ಟಿಯನ್ನು ಓದಿಕೊಂಡು ಹೋಗಬೇಕು. 354ರಲ್ಲಿ ಸಿದ್ಧವಾದ ಪಂಚಾಂಗವೊಂದರಲ್ಲಿ ಅದು ಸೇರಿಕೊಂಡಿದೆ. ತಿಂಗಳು, ದಿನ, ಹೆಸರು, ಸಮಾಧಿ ಇರುವ ರಸ್ತೆ, ಇಷ್ಟೇ ಅದರಲ್ಲಿರುವುದು. ಜನವರಿ 21, ಆಗ್ನೆಸ್, ನೊಮೆಂಟಾನಾ ರಸ್ತೆ. ಆಗಸ್ಟ್ 10, ಲಾರೆನ್ಸ್, ತಿಬುರ್ತೀನಾ ರಸ್ತೆ. ಅವರು ಹೇಗೆ ಸತ್ತರು, ನ್ಯಾಯಾಧಿಪತಿ ಏನು ಕೇಳಿದ, ಯಾವ ಪವಾಡ ನಡೆಯಿತು ಎಂಬುದರ ಸುಳಿವೇ ಇಲ್ಲ. ವರ್ಷಕ್ಕೊಮ್ಮೆ ಸಮಾಧಿಯ ಬಳಿ ಸೇರಿ ಪ್ರಾರ್ಥಿಸುವ ಸಮುದಾಯಕ್ಕೆ ದಿನ ಮತ್ತು ಜಾಗ ಗೊತ್ತಿದ್ದರೆ ಸಾಕಾಗಿತ್ತು. ಆದ್ದರಿಂದಲೇ ಈ ಪಟ್ಟಿಗೆ ತೂಕ ಹೆಚ್ಚು. ನಾವು ಕೇಳಿ ಬಲ್ಲ ರೋಮಿನ ಹುತಾತ್ಮರ ಕಥೆಗಳಲ್ಲಿ ಹೆಚ್ಚಿನವು ಇದಾದ ಮೇಲೆ, 5 ಮತ್ತು 6ನೇ ಶತಮಾನಗಳಲ್ಲಿ ಬರೆದಂಥವು.

ಮೊದಲು ಆಪ್ಪಿಯಾ ರಸ್ತೆಗೆ ಹೋಗುವುದು ಲೇಸು. ಊರೊಳಗಿಂದ 118ನೇ ನಂಬರಿನ ಬಸ್ಸು ಹೋಗುತ್ತದೆ, ಆದರೆ ಅದು ಅಪರೂಪ. ಅರ್ಧ ಗಂಟೆ ಕಾಯುವ ಲೆಕ್ಕ ಇಟ್ಟುಕೊಳ್ಳಿ. ಸಂತ ಕಲ್ಲಿಸ್ತುಸರ ಭೂಗತ ಸ್ಮಶಾನಕ್ಕೆ ಬುಧವಾರ ರಜೆ, ಪಕ್ಕದ ಸಂತ ಸೆಬಾಸ್ಟಿಯನ್ನರದಕ್ಕೆ ಭಾನುವಾರ ರಜೆ. ಎರಡನ್ನೂ ಒಂದೇ ದಿನ ನೋಡುವ ಆಸೆಯಿದ್ದರೆ ಈ ಎರಡು ದಿನಗಳನ್ನು ಬಿಟ್ಟು ಬೇರೆ ದಿನ ಹೋಗಬೇಕು. ಹಳೆಯ ರಸ್ತೆ ಇಕ್ಕಟ್ಟು, ಪಾದಚಾರಿಗಳಿಗೆ ಜಾಗವಿಲ್ಲ, ಕಾರುಗಳು ಗೋಡೆಗೆ ತಾಗುವಂತೆ ನುಗ್ಗುತ್ತವೆ. ‘ಕ್ವೊ ವಾದಿಸ್’ ಎಂಬ ಪುಟ್ಟ ಚರ್ಚಿನ ಎದುರಿನ ಕವಲಿನಲ್ಲಿ ಕಲ್ಲಿಸ್ತುಸರ ತೋಟದೊಳಗಿನ ದಾರಿ ಹಿಡಿದರೆ ನೆಮ್ಮದಿಯಾಗಿ ನಡೆಯಬಹುದು. ರೋಮಿನಿಂದ ಓಡಿಹೋಗುತ್ತಿದ್ದ ಶಿಷ್ಯ ಪೇತ್ರನಿಗೆ ಕ್ರಿಸ್ತ ಎದುರಾದದ್ದು ಇಲ್ಲಿಯೇ ಎಂಬುದು ಆ ಚರ್ಚಿನ ಕಥೆ. ಅದರ ಮೂಲ 2ನೇ ಶತಮಾನದ ಕೊನೆಯ ಹೊತ್ತಿನ ಒಂದು ಅಪೋಕ್ರಿಫ (ಬೈಬಲಿಗೆ ಸೇರದ) ಗ್ರಂಥ. ಚರಿತ್ರೆಯಾಗಿ ಅದಕ್ಕೆ ಬೆಲೆ ಕಡಿಮೆ.

ಕಲ್ಲಿಸ್ತುಸರ ನೆಲದಡಿಗೆ ಮಾರ್ಗದರ್ಶಿಯಿಲ್ಲದೆ ಬಿಡುವುದಿಲ್ಲ, ಫೋಟೊ ತೆಗೆಯುವಂತಿಲ್ಲ. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ಸುಮಾರು 16 ಡಿಗ್ರಿ, ಮೇಲೊಂದು ಹೊದಿಕೆ ಬೇಕೇ ಬೇಕು. 1854ರಲ್ಲಿ ಪುರಾತತ್ವಜ್ಞ ಜೊವಾನ್ನಿ ಬಾತ್ತಿಸ್ತಾ ದೆ ರೊಸ್ಸಿ ಪತ್ತೆ ಹಚ್ಚಿದ ಪೋಪರ ಸಮಾಧಿಕೋಣೆಯ ಮುಂದೆ ಗುಂಪು ಕೆಲವೇ ನಿಮಿಷ ನಿಲ್ಲುತ್ತದೆ. ಅಷ್ಟರೊಳಗೆ ನೋಡಬೇಕಾದದ್ದು ಫಾಬಿಯನರ ಕಲ್ಲು. ಫಾಬಿಯನ್ ಸತ್ತದ್ದು 250ರ ಜನವರಿ 20ರಂದು, ದೇಕಿಯುಸ್ ಚಕ್ರವರ್ತಿಯ ಕಾಲದಲ್ಲಿ. ‘ಫಾಬಿಯನ್, ಬಿಷಪ್’ ಎಂಬ ಗ್ರೀಕ್ ಅಕ್ಷರಗಳು ಆಳವಾಗಿ, ಒಂದೇ ಕೈಯಿಂದ ಕೊರೆದಂಥವು. ಅದರ ಮುಂದೆ ‘ಹುತಾತ್ಮ’ ಎಂಬುದನ್ನು ಸೂಚಿಸುವ ಕೂಡಕ್ಷರವಿದೆ. ಅದು ತೆಳು, ಗೆರೆಯೂ ಬೇರೆ. ಕಲ್ಲನ್ನು ಗೋಡೆಗೆ ಕೂರಿಸಿದ ಮೇಲೆ ಇನ್ನೊಬ್ಬರು ಸೇರಿಸಿದ್ದು. ಫಾಬಿಯನರ ನಂತರ ವರ್ಷಕ್ಕೂ ಹೆಚ್ಚು ಕಾಲ ರೋಮಿಗೆ ಬಿಷಪ್, ಅಂದರೆ ಪೋಪ್, ಇರಲಿಲ್ಲ. ಹುತಾತ್ಮನೆಂಬ ಬಿರುದನ್ನು ಒಪ್ಪಿ ಕೊಡುವ ಅಧಿಕಾರಿ ಇಲ್ಲದ್ದರಿಂದ ಅದು ತಡವಾಯಿತು ಎಂಬುದು ವಿದ್ವಾಂಸರ ಒಂದು ವಿವರಣೆ. ಕಾರಣ ಏನೇ ಇರಲಿ, ಸಾವು ಒಂದು ಘಟನೆ, ಅದಕ್ಕೆ ಸಿಕ್ಕ ಹೆಸರು ಇನ್ನೊಂದು ಘಟನೆ ಎಂಬುದು ಆ ಎರಡು ಉಳಿಗಳ ಗುರುತಿನಲ್ಲಿ ಕಣ್ಣಿಗೇ ಕಾಣುತ್ತದೆ. ಇಡೀ ಪ್ರವಾಸದಲ್ಲಿ ಇಷ್ಟು ಬೆಲೆಯುಳ್ಳ ಇನ್ನೊಂದು ನೋಟವಿಲ್ಲ.

ಇದೇ ಸ್ಮಶಾನಕ್ಕೆ ಸೇರಿದ ಇನ್ನೊಬ್ಬ ಪೋಪ್ ಎರಡನೇ ಸಿಕ್ಸ್ತುಸ್. ಅವರ ವಿಷಯದಲ್ಲಿ ಅದೃಷ್ಟವಶಾತ್ ಸಮಕಾಲೀನ ಪತ್ರವೇ ಉಳಿದಿದೆ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ ರೋಮಿಗೆ ಜನರನ್ನು ಕಳಿಸಿ ಸುದ್ದಿ ತರಿಸಿಕೊಂಡು 258ರಲ್ಲಿ ಹೀಗೆ ಬರೆಯುತ್ತಾರೆ: ಬಿಷಪರು, ಗುರುಗಳು, ಡೀಕನರನ್ನು (ಗುರುಗಳಿಗಿಂತ ಕೆಳಗಿನ ಹಂತದ ಚರ್ಚಿನ ಸೇವಕರನ್ನು) ಕೂಡಲೇ ಶಿಕ್ಷಿಸಬೇಕೆಂದು ಚಕ್ರವರ್ತಿ ವಲೇರಿಯನ್ ಸೆನೆಟಿಗೆ ಆಜ್ಞೆ ಕಳಿಸಿದ್ದಾನೆ, ಆಗಸ್ಟ್ 6ರಂದು ಸಿಕ್ಸ್ತುಸರನ್ನೂ ನಾಲ್ವರು ಡೀಕನರನ್ನೂ ಸ್ಮಶಾನದಲ್ಲೇ ಕೊಂದರು. ಪವಾಡವಿಲ್ಲ, ಭಾಷಣವಿಲ್ಲ. ಸೆಪ್ಟೆಂಬರ್ 14ರಂದು ಸಿಪ್ರಿಯನರ ತಲೆಯೂ ಉರುಳಿತು. ನಂಬಲರ್ಹವಾದ ದಾಖಲೆ ಹೇಗಿರುತ್ತದೆ ಎಂದು ಕೇಳುವವರಿಗೆ ತೋರಿಸಬೇಕಾದದ್ದು ಇದನ್ನೇ.

ಇಲ್ಲಿಂದ ರೋಮಿನ ತ್ರಾಸ್ತೇವೆರೆ ಬಡಾವಣೆಗೆ ಹೋದರೆ ಸಂತ ಸಿಸಿಲಿಯಾರ ಚರ್ಚು. ಬಲಿಪೀಠದ ಕೆಳಗೆ ಸ್ತೆಫಾನೊ ಮಾದೆರ್ನೊ 1600ರಲ್ಲಿ ಕಡೆದ ಅಮೃತಶಿಲೆಯ ಮೂರ್ತಿ. ಮಗ್ಗುಲಾಗಿ ಮಲಗಿದ ಹೆಣ್ಣು, ತಿರುಗಿಸಿಕೊಂಡ ಮುಖ, ಕತ್ತಿನಲ್ಲಿ ಕತ್ತಿಯ ಗಾಯ. 1599ರಲ್ಲಿ ಸಿಸಿಲಿಯಾರ ಶವಪೆಟ್ಟಿಗೆ ತೆರೆದಾಗ ದೇಹ ಹೀಗೆಯೇ ಇತ್ತು ಎಂಬುದು ಆಗಿನ ಸಾಕ್ಷ್ಯ. ಆ ಪೆಟ್ಟಿಗೆಯನ್ನು ಅಲ್ಲಿ ಇರಿಸಿದ್ದು ಪೋಪ್ ಮೊದಲನೇ ಪಾಸ್ಕಲ್, 821ರ ಸುಮಾರಿಗೆ. ಆದ್ದರಿಂದ 1599ರ ಸಾಕ್ಷ್ಯ 9ನೇ ಶತಮಾನದವರೆಗೆ ಮಾತ್ರ ನಮ್ಮನ್ನು ಕರೆದೊಯ್ಯುತ್ತದೆ. 3ನೇ ಶತಮಾನದಲ್ಲಿ ಏನು ನಡೆಯಿತೆಂದು ಅದು ಹೇಳಲಾರದು. 354ರ ಪಟ್ಟಿಯಲ್ಲಿ ಸಿಸಿಲಿಯಾರ ಹೆಸರಿಲ್ಲ. 5ನೇ ಶತಮಾನದ ಕಥೆ ಅವರನ್ನು ಪೋಪ್ ಉರ್ಬನರ ಕಾಲಕ್ಕೆ ಇಡುತ್ತದೆ, ಅದು ಅಲೆಕ್ಸಾಂಡರ್ ಸೆವೆರುಸ್ ಆಳುತ್ತಿದ್ದ, ರೋಮಿನ ಕ್ರೈಸ್ತರು ಹೆಚ್ಚುಕಡಿಮೆ ನೆಮ್ಮದಿಯಾಗಿದ್ದ ಕಾಲ. ಚರ್ಚಿಗೆ ಜಾಗ ಕೊಟ್ಟ ಮಹಿಳೆಯ ಹೆಸರೇ ಮುಂದೆ ಹುತಾತ್ಮಳ ಹೆಸರಾಯಿತೇ ಎಂಬ ಅನುಮಾನ ಬಲವಾಗಿರುವುದು ಇದರಿಂದಲೇ. ಮಧ್ಯಾಹ್ನ ರೋಮಿನ ಎಷ್ಟೋ ಚರ್ಚುಗಳು ಮುಚ್ಚುತ್ತವೆ, ಭುಜ ಮತ್ತು ಮೊಣಕಾಲು ಮುಚ್ಚದ ಉಡುಪಿನವರನ್ನು ಬಾಗಿಲಲ್ಲೇ ತಡೆಯುವುದುಂಟು. ಬೆಳಗಿನ ಹೊತ್ತು ಬಂದರೆ ಎರಡು ತೊಂದರೆಯಲ್ಲಿ ಒಂದಾದರೂ ತಪ್ಪುತ್ತದೆ.

ಮೆಟ್ರೊದ ‘ಬಿ1’ ಮಾರ್ಗದಲ್ಲಿ ಸಂತ ಆಗ್ನೆಸ್ ಹೆಸರಿನ ನಿಲ್ದಾಣವೇ ಇದೆ. ಆಕೆಯ ಚರ್ಚು ನೊಮೆಂಟಾನಾ ರಸ್ತೆಗಿಂತ ಬಹಳ ಕೆಳಗೆ, ಸಮಾಧಿಯ ಮಟ್ಟದಲ್ಲಿದೆ. ಅಗಲವಾದ ಮೆಟ್ಟಿಲಿಳಿದು ಹೋಗಬೇಕು. ಆ ಮೆಟ್ಟಿಲಿನ ಗೋಡೆಯಲ್ಲಿ ಪೋಪ್ ದಾಮಸುಸ್ (366–384) ಬರೆಸಿದ ಶಾಸನ ಇಡಿಯಾಗಿ ಉಳಿದಿದೆ. ಹಿಂದೊಮ್ಮೆ ಯಾರೋ ಅದನ್ನು ಮಗುಚಿ ನೆಲಹಾಸಾಗಿ ಬಳಸಿದ್ದರು. 1728ರಲ್ಲಿ ಎತ್ತಿ ನೋಡಿದಾಗ ಬರಹ ಸಿಕ್ಕಿತು. ಅಕ್ಷರ ಬಿಡಿಸಿದವನು ಫಿಲೋಕಲುಸ್. 354ರ ಪಂಚಾಂಗದಲ್ಲಿರುವುದೂ ಅವನದೇ ಹೆಸರು. ಗೆರೆಗಳ ತುದಿಯಲ್ಲಿ ಸಣ್ಣ ಸುರುಳಿಯಿರುವ ಅವನ ಅಕ್ಷರವನ್ನು ಒಮ್ಮೆ ನೋಡಿದರೆ ಬೇರೆಲ್ಲಿ ಕಂಡರೂ ಗುರುತು ಸಿಗುತ್ತದೆ.

ಶಾಸನ ಶುರುವಾಗುವುದೇ ‘ತಂದೆತಾಯಿಗಳು ಹೇಳಿದರೆಂದು ಜನ ಹೇಳುತ್ತಾರೆ’ ಎಂಬ ಧಾಟಿಯಲ್ಲಿ. ಆಗ್ನೆಸ್ ಸತ್ತು ಬಹಳವೆಂದರೆ ಒಂದು ಶತಮಾನವೋ ಸ್ವಲ್ಪ ಹೆಚ್ಚೋ ಆಗಿತ್ತು; ರೋಮಿನ ಬಿಷಪರ ಕೈಯಲ್ಲೂ ಆಗಲೇ ದಾಖಲೆ ಇರಲಿಲ್ಲ, ಬಾಯಿಮಾತು ಮಾತ್ರ ಇತ್ತು. ದಾಮಸುಸ್ ಅದನ್ನು ಮುಚ್ಚಿಡದೆ ಕಲ್ಲಿನಲ್ಲೇ ಬರೆಸಿದರು, ಅದಕ್ಕಾಗಿ ಅವರನ್ನು ಗೌರವಿಸಬೇಕು. ಅವರ ಪ್ರಕಾರ ಹುಡುಗಿಗೆ ಬಂದದ್ದು ಬೆಂಕಿಯ ಬೆದರಿಕೆ, ಬೆತ್ತಲೆ ಮೈಯನ್ನು ಮುಚ್ಚಿದ್ದು ಅವಳ ಕೂದಲು. ಹೆಚ್ಚುಕಡಿಮೆ ಅದೇ ಕಾಲದಲ್ಲಿ, 377ರಲ್ಲಿ, ಮಿಲಾನಿನ ಬಿಷಪ್ ಆಂಬ್ರೋಸ್ ಬರೆಯುವುದು ಬೇರೆ: ಹನ್ನೆರಡು ವರ್ಷದ ಹುಡುಗಿ, ಬೇಡಿ ಹಾಕಲು ಹೋದರೆ ಕೈ ಸಣ್ಣ, ಸತ್ತದ್ದು ಕತ್ತಿಯಿಂದ. 400ರ ಸುಮಾರಿನ ಕವಿ ಪ್ರುದೆಂಷಿಯುಸ್ ವೇಶ್ಯಾಗೃಹದ ಪ್ರಸಂಗವನ್ನೂ ಸೇರಿಸುತ್ತಾನೆ. ಮೂವರೂ ಒಪ್ಪುವುದು ಇಷ್ಟು: ಎಳೆಯ ಹುಡುಗಿ, ಹೆಸರು ಆಗ್ನೆಸ್, ನಂಬಿಕೆಗಾಗಿ ಸತ್ತಳು. ಪಟ್ಟಿಯ ದಿನ ಮತ್ತು ಸಮಾಧಿ ಅದರ ಜೊತೆ ಸೇರಿದರೆ ಗಟ್ಟಿಯಾದ ಭಾಗ ಮುಗಿಯಿತು. ಅಷ್ಟನ್ನಾದರೂ ಖಚಿತವಾಗಿ ಹೇಳಬಹುದಾದದ್ದು ಸಣ್ಣ ಮಾತಲ್ಲ.

3 ಅಥವಾ 19ನೇ ಟ್ರಾಮ್ ಹಿಡಿದು ವೆರಾನೊ ಸ್ಮಶಾನದ ಬಳಿ ಇಳಿದರೆ ಸಂತ ಲಾರೆನ್ಸರ ಮಹಾದೇವಾಲಯ. ಕಾರ್ಕಳದ ಅತ್ತೂರು ಜಾತ್ರೆಗೆ ಹೋಗಿ ಬಂದವರಿಗೆಲ್ಲ ಈ ಸಂತ ಗೊತ್ತು. 1943ರ ಜುಲೈ 19ರ ಬಾಂಬ್ ದಾಳಿಯಲ್ಲಿ ಈ ಕಟ್ಟಡಕ್ಕೆ ಬಿದ್ದ ಪೆಟ್ಟನ್ನು ಆಮೇಲೆ ದುರಸ್ತಿ ಮಾಡಿದ್ದಾರೆ. ಲಾರೆನ್ಸರನ್ನು ಕಬ್ಬಿಣದ ಜಾಲರಿಯ ಮೇಲೆ ಸುಟ್ಟರು, ‘ಈ ಮಗ್ಗುಲು ಬೆಂದಿದೆ, ಮಗುಚಿ’ ಎಂದು ಅವರು ಹೇಳಿದರು ಎಂಬ ಕಥೆ ಆಂಬ್ರೋಸರ ಬರಹದಲ್ಲಿ ಬರುವುದು ಸಾವಿನ ಸುಮಾರು 130 ವರ್ಷಗಳ ನಂತರ. 258ರ ಆಜ್ಞೆ ಹೇಳಿದ್ದು ‘ಕೂಡಲೇ’ ಎಂದು. ಸಿಕ್ಸ್ತುಸರನ್ನು ಕೊಂದು ನಾಲ್ಕೇ ದಿನಕ್ಕೆ, ಅದೇ ಆಜ್ಞೆಯಡಿ ಸತ್ತ ಡೀಕನ್ ಲಾರೆನ್ಸರಿಗೆ ಕತ್ತಿಯೇ ಹೆಚ್ಚು ಸಂಭವ. ಒಳಗೆ ನೋಡಲೇಬೇಕಾದ್ದು 6ನೇ ಶತಮಾನದ ಕಮಾನಿನ ಮೊಸಾಯಿಕ್. ಮುಂಬಾಗಿಲಿನಿಂದ ಬಂದವರಿಗೆ ಅದು ಕಾಣುವುದಿಲ್ಲ, ಏಕೆಂದರೆ 13ನೇ ಶತಮಾನದಲ್ಲಿ ಚರ್ಚಿನ ದಿಕ್ಕನ್ನೇ ತಿರುಗಿಸಿದರು. ಕಮಾನು ದಾಟಿ ಒಳಗೆ ಹೋಗಿ ಹಿಂತಿರುಗಿ ತಲೆಯೆತ್ತಬೇಕು. ಅಲ್ಲಿನ ಲಾರೆನ್ಸರ ಕೈಯಲ್ಲಿ ಜಾಲರಿಯಿಲ್ಲ. ಶಿಲುಬೆಯಿದೆ, ತೆರೆದ ಪುಸ್ತಕವಿದೆ, ಅದರಲ್ಲಿ ‘ಬಡವರಿಗೆ ಹಂಚಿ ಕೊಟ್ಟನು’ ಎಂಬ ಕೀರ್ತನೆಯ ಸಾಲು. ಬಡವರ ಆರೈಕೆ ಡೀಕನನ ಕೆಲಸವೇ ಆಗಿತ್ತು. ಲಾರೆನ್ಸರನ್ನು ಪ್ರೀತಿಸುವವರು ಜಾಲರಿಗಿಂತ ಈ ಸಾಲನ್ನು ನೆನಪಿಡಲಿ.

ಕೊಲೊಸ್ಸಿಯಮ್ಮಿಗೆ ಹುತಾತ್ಮರಿಗಾಗಿ ಹೋಗುವುದಾದರೆ ಸಮಯ ಉಳಿಸಿಕೊಳ್ಳಿ. ಅದನ್ನು ಹುತಾತ್ಮರ ನೆಲವೆಂದು ಮೀಸಲಿಟ್ಟದ್ದು 18ನೇ ಶತಮಾನದಲ್ಲಿ ಪೋಪ್ ಹದಿನಾಲ್ಕನೇ ಬೆನೆಡಿಕ್ಟ್. ನಿರ್ದಿಷ್ಟವಾಗಿ ಆ ಕಟ್ಟಡದಲ್ಲೇ ಕ್ರೈಸ್ತರು ಸತ್ತರೆನ್ನಲು ನಂಬುವಂಥ ಪುರಾವೆಯಿಲ್ಲ ಎಂದು ತೋರಿಸಿದವರು ಹಿಪ್ಪೊಲೀತ್ ದೆಲೆಹೆ, ಸ್ವತಃ ಯೇಸುಸಭೆಯ ಪಾದ್ರಿ, 1897ರಲ್ಲಿ. ಸಂತರ ಚರಿತ್ರೆಗಳನ್ನು ಜರಡಿ ಹಿಡಿಯುವ ಕೆಲಸವನ್ನು 17ನೇ ಶತಮಾನದಿಂದಲೂ ಚರ್ಚಿನೊಳಗಿನವರೇ ಮಾಡುತ್ತ ಬಂದಿದ್ದಾರೆ ಎಂಬುದನ್ನು ಭಕ್ತರೂ ಸಂಶಯವಾದಿಗಳೂ ಮರೆಯಬಾರದು. ಹಾಗೆಂದು ಹಿಂಸೆಯೇ ನಡೆಯಲಿಲ್ಲ ಎನ್ನುವುದು ಇನ್ನೊಂದು ತುದಿಯ ತಪ್ಪು. ದೇಕಿಯುಸನ ಆಜ್ಞೆಯಂತೆ ರೋಮಿನ ದೇವತೆಗಳಿಗೆ ಬಲಿ ಅರ್ಪಿಸಿದ್ದಕ್ಕೆ ಕೊಟ್ಟ ಪ್ರಮಾಣಪತ್ರಗಳು ಈಜಿಪ್ಟಿನ ಮರಳಿನಲ್ಲಿ ನಲವತ್ತಕ್ಕೂ ಹೆಚ್ಚು ಸಿಕ್ಕಿವೆ, 250ರ ತಾರೀಖಿನ ಸಮೇತ.

ಕೊನೆಗೆ ವ್ಯಾಟಿಕನ್. ಸಂತ ಪೇತ್ರರ ಮಹಾದೇವಾಲಯದ ಅಡಿಯ ಉತ್ಖನನ ನೋಡಲು ಅಲ್ಲಿನ ಉತ್ಖನನ ಕಚೇರಿಗೆ ತಿಂಗಳುಗಳ ಮುಂಚೆ ಇಮೇಲ್ ಬರೆದು ಅನುಮತಿ ಪಡೆಯಬೇಕು, ಒಮ್ಮೆಗೆ ಹನ್ನೆರಡರಷ್ಟು ಮಂದಿಯನ್ನು ಮಾತ್ರ ಬಿಡುತ್ತಾರೆ. ದಿನ ನಾವು ಆರಿಸುವಂತಿಲ್ಲ, ಅವರು ಕೊಟ್ಟದ್ದೇ ದಿನ. ಉಳಿದ ಪ್ರವಾಸವನ್ನು ಅದರ ಸುತ್ತ ಹೊಂದಿಸಿಕೊಳ್ಳಬೇಕು. 64ರ ಬೆಂಕಿಯ ನಂತರ ನೀರೊ ಕ್ರೈಸ್ತರನ್ನು ತನ್ನ ತೋಟದಲ್ಲಿ ಕೊಲ್ಲಿಸಿದನೆಂದು ಬರೆದವನು ಟ್ಯಾಸಿಟಸ್, ಕ್ರೈಸ್ತರ ಬಗ್ಗೆ ಒಳ್ಳೆಯ ಮಾತಿಲ್ಲದ ಇತಿಹಾಸಕಾರ. ಪೇತ್ರನ ಹೆಸರು ಅವನಲ್ಲಿಲ್ಲ. ನೆಲದಡಿ ಕಾಣುವುದು 160ರ ಸುಮಾರಿಗೆ ಕಟ್ಟಿದ ಪುಟ್ಟ ಗೂಡೊಂದರ ಉಳಿಕೆ. 200ರ ಸುಮಾರಿಗೆ ರೋಮಿನ ಗಾಯುಸ್ ಎಂಬವನು ‘ವ್ಯಾಟಿಕನ್ನಿಗೆ ಬಂದರೆ ಸ್ಮಾರಕ ತೋರಿಸುತ್ತೇನೆ’ ಎಂದದ್ದು ಬಹುಶಃ ಇದನ್ನೇ. ಪೇತ್ರ ಸತ್ತ ನೂರು ವರ್ಷದೊಳಗೆ ಕ್ರೈಸ್ತರು ಈ ಜಾಗವನ್ನು ಗುರುತಿಟ್ಟಿದ್ದರು ಎಂಬಷ್ಟನ್ನು ಇಟ್ಟಿಗೆಗಳು ಖಾತ್ರಿಪಡಿಸುತ್ತವೆ. ತಲೆಕೆಳಗಾಗಿ ಶಿಲುಬೆಗೇರಿಸಿದ ಕಥೆ ‘ಕ್ವೊ ವಾದಿಸ್’ ಬಂದ ಅದೇ ಅಪೋಕ್ರಿಫ ಗ್ರಂಥದಲ್ಲಿದೆ.